ಬೆಂಕಿ ಕಥೆ ಆಯ್ತು, ಕಾರಿಡಾರ್ ಕಥೆನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಲಿ ಬ್ರಿಟನ್ನಿನ ಡೀಪ್ ಪರ್ಪಲ್ ರಾಕ್ ಬ್ಯಾಂಡಿನ ‘ಮಷೀನ್ ಹೆಡ್’ ಆಲ್ಬಮ್ ಬಗ್ಗೆ ಬಂದ ಲೇಖನ ಓದಿದೆ. ಹಾರ್ಡ್ ರಾಕ್ ಬಗ್ಗೆ ಕನ್ನಡದಲ್ಲಿ ಇಷ್ಟು ಜಾಗ ಕೊಟ್ಟಿದ್ದಕ್ಕೆ ಮೊದಲು ಥ್ಯಾಂಕ್ಸ್. ಆದ್ರೆ ಓದಿ ಮುಗಿಸಿದ ಮೇಲೆ ಸಮಾಧಾನ ಆಗ್ಲಿಲ್ಲ, ಅದಕ್ಕೇ ಈ ಪತ್ರ. ಲೇಖನದ ಮುಕ್ಕಾಲು ಪಾಲು ಕ್ಯಾಸಿನೊ ಹೊತ್ತಿ ಉರಿದ ಕಥೆ, ಉಳಿದಿದ್ದು ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಗಿಟಾರ್ ರಿಫ್ (ಮತ್ತೆ ಮತ್ತೆ ಬರೋ ಚಿಕ್ಕ ಟ್ಯೂನು) ಎಷ್ಟು ಫೇಮಸ್ಸು ಅನ್ನೋದು, ಮಧ್ಯದಲ್ಲಿ ಆಲ್ಬಮ್ ರೆಕಾರ್ಡ್ ಆಗಿದ್ದು ಹೇಗೆ ಅನ್ನೋದಕ್ಕೆ ಸಿಕ್ಕಿದ್ದು ಒಂದೇ ಒಂದು ವಾಕ್ಯ, ಆಮೇಲೆ ಒಂದು ಹೋಟೆಲ್ಲಲ್ಲಿ ರೆಕಾರ್ಡಿಂಗ್ ಮುಗಿಸಿದ್ರು ಅಂತ. ಅಷ್ಟೇನಾ? ಆ ಬ್ಯಾಂಡಿನವರು ಇಷ್ಟು ವರ್ಷದಿಂದ ಇಂಟರ್ವ್ಯೂಗಳಲ್ಲಿ ನೆನಪು ಮಾಡ್ಕೊಂಡು ಮಾಡ್ಕೊಂಡು ಹೇಳ್ತಾ ಬಂದಿರೋದೆಲ್ಲಾ ಆ ಒಂದು ವಾಕ್ಯದ ಒಳಗೇ ಇದೆ ಸಾರ್, ಅದನ್ನ ಬಿಟ್ಟುಬಿಟ್ರೆ ಆಲ್ಬಮ್ಮನ್ನೇ ಬಿಟ್ಟ ಹಾಗೆ.

ಬೆಂಕಿ ವಿಷಯ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಅದು ಎಲ್ರಿಗೂ ಗೊತ್ತಿರೋದೇ. 1971ರ ಡಿಸೆಂಬರ್ 4, ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರು, ಜಿನೀವಾ ಸರೋವರದ ದಡ. ಕ್ಯಾಸಿನೊದಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾ ಅವರ ಶೋ ನಡೀತಿರುವಾಗ ಪ್ರೇಕ್ಷಕರಲ್ಲಿ ಯಾರೋ ಒಬ್ಬ ಫ್ಲೇರ್ ಗನ್ (ಸಿಗ್ನಲ್‌ಗೆ ಉರಿಯೋ ಬೆಳಕು ಹಾರಿಸೋ ಪಿಸ್ತೂಲು) ಹಾರಿಸಿದ, ಚಾವಣಿಗೆ ಬೆಂಕಿ ಹತ್ತಿ ಇಡೀ ಕಟ್ಟಡ ಹೋಯ್ತು, ಪುಣ್ಯಕ್ಕೆ ಯಾರ ಜೀವಾನೂ ಹೋಗ್ಲಿಲ್ಲ. ಮಾಂಟ್ರೋ ಜಾಝ್ ಫೆಸ್ಟಿವಲ್ ಶುರು ಮಾಡಿದ ಕ್ಲೋಡ್ ನಾಬ್ಸ್ ಅವರೇ ಒಳಗೆ ನುಗ್ಗಿ ಹುಡುಗರನ್ನ ಹೊರಗೆ ಎಳ್ಕೊಂಡು ಬಂದ್ರು. ಚಳಿಗಾಲಕ್ಕೆ ಕ್ಯಾಸಿನೊ ಬಾಗಿಲು ಹಾಕೋ ಮುಂಚೆ ಅದೇ ಕಡೇ ಶೋ, ಅದು ಮುಗಿದ ಮೇಲೆ ಖಾಲಿ ಹಾಲ್‌ನಲ್ಲಿ ಡೀಪ್ ಪರ್ಪಲ್‌ನವರು ರೆಕಾರ್ಡಿಂಗ್ ಶುರು ಮಾಡ್ಬೇಕು ಅಂತ ಪ್ಲಾನ್ ಇತ್ತು. ಇಷ್ಟು ನಿಮ್ಮ ಲೇಖನದಲ್ಲೂ ಚೆನ್ನಾಗೇ ಬಂದಿದೆ.

ಬರದೇ ಇದ್ದಿದ್ದು ಏನು ಅಂದ್ರೆ, ಇವರು ಕ್ಯಾಸಿನೊಗೆ ಯಾಕೆ ಹೋದ್ರು ಅನ್ನೋದು. ಅದಕ್ಕೂ ಮುಂಚಿನ ಆಲ್ಬಮ್ ‘ಫೈರ್‌ಬಾಲ್’ ಅನ್ನ ಟೂರ್‌ಗಳ ಮಧ್ಯೆ ಬಿಡುವು ಸಿಕ್ಕಾಗೆಲ್ಲಾ ಸ್ಟುಡಿಯೋಗೆ ಓಡಿ ಚೂರು ಚೂರಾಗಿ ಮಾಡಿದ್ರು, ಆ ಥರ ಕೆಲಸ ಮಾಡಿ ಅವರಿಗೆ ಸಾಕಾಗಿತ್ತು. ಸ್ಟೇಜ್ ಮೇಲೆ ಇವರ ಸೌಂಡಿಗೆ ಇರೋ ಆವೇಶ ಸ್ಟುಡಿಯೋದಲ್ಲಿ ಸಿಗ್ತಾ ಇಲ್ಲ ಅನ್ನೋ ಅಸಮಾಧಾನ ಬೇರೆ. ಒಂದೇ ಕಡೆ ಕೂತು, ಸ್ಟುಡಿಯೋ ಅಲ್ಲದ ಜಾಗದಲ್ಲಿ, ಐದೂ ಜನ ಒಟ್ಟಿಗೆ ನುಡಿಸಿ ಹಾಗೇ ಟೇಪಿಗೆ ಇಳಿಸ್ಬೇಕು ಅನ್ನೋದು ಆಸೆ. ಅದಕ್ಕೇ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರ ಮೊಬೈಲ್ ಸ್ಟುಡಿಯೋ ಬಾಡಿಗೆಗೆ ತಗೊಂಡ್ರು, ಅಂದ್ರೆ ಒಂದು ಟ್ರಕ್ ಒಳಗೆ ಮಿಕ್ಸರ್, ಟೇಪ್ ಮೆಷಿನ್ ಎಲ್ಲಾ ಕೂರಿಸಿರೋದು, ಎಲ್ಲಿ ನಿಲ್ಲಿಸ್ತೀರೋ ಅಲ್ಲಿಂದ ಕಟ್ಟಡದ ಒಳಗೆ ಕೇಬಲ್ ಎಳೆದ್ರೆ ಆ ಕಟ್ಟಡಾನೇ ಸ್ಟುಡಿಯೋ. ಆ ಟ್ರಕ್ಕು ಈಗ ಕೆನಡಾದ ಕ್ಯಾಲ್ಗರಿಯಲ್ಲಿರೋ ನ್ಯಾಷನಲ್ ಮ್ಯೂಸಿಕ್ ಸೆಂಟರ್‌ನಲ್ಲಿದೆ.

ಈಗ ಯೋಚನೆ ಮಾಡಿ, ಟ್ರಕ್ ಬಂದು ನಿಂತಿದೆ, ಇಂಜಿನಿಯರ್ ಬಂದಿದ್ದಾರೆ, ವಾದ್ಯಗಳು ಬಂದಿವೆ, ನುಡಿಸೋಕೆ ಜಾಗ ಇಲ್ಲ. ನಾಬ್ಸ್ ಅವರು ಹತ್ತಿರದಲ್ಲೇ ಪೆವಿಲಿಯನ್ ಅಂತ ಒಂದು ಹಳೇ ಥಿಯೇಟರ್ ಕೊಡಿಸಿದ್ರು. ಅಲ್ಲಿ ರಾತ್ರಿ ಹೊತ್ತು ನುಡಿಸಿದ್ರೆ ಊರೆಲ್ಲಾ ಎದ್ದು ಕೂತ್ಕೊಳ್ತು, ಕಂಪ್ಲೇಂಟ್ ಹೋಯ್ತು, ಪೊಲೀಸ್ ಬಂದ್ರು. ಬಾಗಿಲು ಬಡಿದ್ರೂ ಟೇಕ್ (ಒಂದು ಸಲದ ರೆಕಾರ್ಡಿಂಗ್) ಮುಗಿಯೋ ತನಕ ರೋಡಿಗಳು, ಅಂದ್ರೆ ಬ್ಯಾಂಡಿನ ಸಾಮಾನು ಸಾಗಿಸಿ ಜೋಡಿಸೋ ಹುಡುಗರು, ಒಳಗಿಂದ ಬಾಗಿಲು ಒತ್ತಿ ಹಿಡ್ಕೊಂಡು ನಿಂತಿದ್ರಂತೆ, ಬ್ಯಾಂಡಿನವರು ಇದನ್ನ ಎಷ್ಟು ಸಲ ಹೇಳಿದಾರೋ. ಆ ಟೇಕ್ ಯಾವುದು ಗೊತ್ತಾ, ನಾವೆಲ್ಲಾ ಇವತ್ತಿಗೂ ಗುನುಗೋ ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಬ್ಯಾಕಿಂಗ್ ಟ್ರ್ಯಾಕ್! ಆಗ ಅದಕ್ಕೆ ಸಾಹಿತ್ಯ ಇಲ್ಲ, ಬರೀ ಟ್ಯೂನು. ಆಲ್ಬಮ್ಮಿನ ಉಳಿದ ಹಾಡುಗಳೆಲ್ಲಾ ಆಮೇಲೆ ಇನ್ನೊಂದು ಜಾಗದಲ್ಲಿ ಆಗಿದ್ದು.

ಆ ಇನ್ನೊಂದು ಜಾಗಾನೇ ಗ್ರ್ಯಾಂಡ್ ಹೋಟೆಲ್, ನಿಮ್ಮ ಲೇಖನದಲ್ಲಿ ಒಂದೇ ವಾಕ್ಯ ಸಿಕ್ಕಿರೋ ಪಾಪದ ಹೋಟೆಲ್ಲು. ಚಳಿಗಾಲಕ್ಕೆ ಮುಚ್ಚಿತ್ತು, ಗಿರಾಕಿ ಇಲ್ಲ, ಒಳಗೆ ಕೊರೆಯೋ ಚಳಿ. ಇವರು ಸೇರ್ಕೊಂಡಿದ್ದು ದೊಡ್ಡ ಹಾಲ್‌ನಲ್ಲಿ ಅಲ್ಲ, ಕಾರಿಡಾರ್‌ನಲ್ಲಿ. ರೂಮುಗಳಿಂದ ಹಾಸಿಗೆ ಎಳ್ಕೊಂಡು ಬಂದು ಗೋಡೆಗೆ ಆನಿಸಿ ನಿಲ್ಲಿಸಿದ್ರು, ಸೌಂಡು ಅಲ್ಲಿ ಇಲ್ಲಿ ಬಡಿದು ವಾಪಸ್ ಬರಬಾರದು ಅಂತ. ಡ್ರಮ್ಸ್, ಆಂಪ್ಲಿಫೈಯರ್, ಆರ್ಗನ್, ಎಲ್ಲಾ ಅದೇ ಇಕ್ಕಟ್ಟಿನಲ್ಲಿ. ನೆಲದ ತುಂಬಾ ಕೇಬಲ್ಲು, ದಾರಿಗೆ ಅಡ್ಡ ಹಾಸಿಗೆ. ಹಾಗಾಗಿ ಒಂದು ಟೇಕ್ ನುಡಿಸಿ ಅದು ಹೇಗೆ ಬಂದಿದೆ ಅಂತ ಕೇಳ್ಬೇಕು ಅಂದ್ರೆ ಹೊರಗೆ ನಿಂತಿರೋ ಟ್ರಕ್ ತನಕ ಹೋಗ್ಬೇಕು, ಹೋಗೋ ದಾರಿ ಹೇಗೆ ಅಂದ್ರೆ ಒಂದು ಬೆಡ್‌ರೂಮ್ ಒಳಗೆ ನುಗ್ಗಿ, ಬಾಲ್ಕನಿಗೆ ಬಂದು, ಹಿಮ ಬಿದ್ದಿರೋ ಬಾಲ್ಕನಿ ದಾಟಿ, ಇನ್ನೊಂದು ರೂಮಿನಿಂದ ಹೊರಬಿದ್ದು, ಮೆಟ್ಟಿಲಿಳಿದು, ಅಂಗಳ ದಾಟಿ ಟ್ರಕ್. ಕೇಳಿದ ಮೇಲೆ ಅಷ್ಟೇ ದೂರ ವಾಪಸ್. ಶುರುವಿನಲ್ಲಿ ಹೋಗಿ ಬಂದು ಮಾಡಿದ್ರು, ಆಮೇಲೆ ಕೇಳೋದನ್ನೇ ನಿಲ್ಲಿಸಿಬಿಟ್ರು. ಚೆನ್ನಾಗಿ ಬಂತು ಅಂತ ಐದು ಜನಕ್ಕೂ ಅನ್ನಿಸೋ ತನಕ ನುಡಿಸೋದು, ಅನ್ನಿಸಿದ್ರೆ ಮುಂದಿನ ಹಾಡು.

ನಾನು ಬಾಸ್ ಗಿಟಾರ್ ನುಡಿಸೋನು, ರೆಕಾರ್ಡಿಂಗ್ ಅಂದ್ರೆ ಏನು ಅಂತ ಸ್ವಲ್ಪ ಗೊತ್ತು. ಹೆಡ್‌ಫೋನ್ ಹಾಕ್ಕೊಂಡು ಪ್ರತಿ ಟೇಕ್ ಹತ್ತು ಸಲ ಕೇಳಿ, ಅಲ್ಲೊಂದು ಚೂರು ಇಲ್ಲೊಂದು ಚೂರು ತಿದ್ದಿ ತಿದ್ದಿ ಜೀವ ತೆಗೆಯೋದನ್ನ ನೋಡಿದೀನಿ. ಅದಕ್ಕೇ ಈ ಬಾಲ್ಕನಿ ವಿಷಯ ನನಗೆ ಬೆಂಕಿಗಿಂತ ದೊಡ್ಡದು ಅನ್ಸತ್ತೆ. ‘ಲೇಝಿ’ ಹಾಡಲ್ಲಿ ಇಯಾನ್ ಪೈಸ್ ಡ್ರಮ್ಸ್ ಹೇಗೆ ತೂಗ್ತಾ ಹೋಗತ್ತೆ ಕೇಳಿ, ‘ಪಿಕ್ಚರ್ಸ್ ಆಫ್ ಹೋಮ್’ನಲ್ಲಿ ಎಲ್ರೂ ನಿಂತು ರಾಜರ್ ಗ್ಲೋವರ್ ಬಾಸ್‌ಗೆ ಜಾಗ ಬಿಟ್ಟುಕೊಡ್ತಾರಲ್ಲಾ ಅದನ್ನ ಕೇಳಿ, ಒಬ್ಬರ ಮುಖ ಒಬ್ಬರು ನೋಡ್ಕೊಂಡು ನುಡಿಸಿದ್ರೆ ಮಾತ್ರ ಬರೋ ವಿಷಯ ಅದು. ಎಲ್ಲಾನೂ ಪ್ಲಾನ್ ಇಲ್ಲದೆ ಆಯ್ತು ಅಂತ ನಾನು ಹೇಳ್ತಿಲ್ಲ. ‘ಹೈವೇ ಸ್ಟಾರ್’ನ ಗಿಟಾರ್ ಸೋಲೋನ ರಿಚಿ ಬ್ಲ್ಯಾಕ್‌ಮೋರ್ ಸ್ವರ ಸ್ವರಾನೂ ಮೊದಲೇ ಕೂತು ಕಟ್ಟಿದ್ದು, ಜರ್ಮನಿಯ ಹಳೇ ಕಾಲದ ಸಂಗೀತಗಾರ ಬಾಖ್ ಅವರ ಸಂಗೀತದ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ನಡೆ ತಲೇಲಿ ಇಟ್ಕೊಂಡು ಮಾಡಿದ್ದು ಅಂತ ಅವರೇ ಹೇಳಿದಾರೆ. ಜಾನ್ ಲಾರ್ಡ್ ಹ್ಯಾಮಂಡ್ ಆರ್ಗನ್ನನ್ನ ಮಾರ್ಷಲ್ ಆಂಪ್ಲಿಫೈಯರ್‌ಗೆ ಕೊಟ್ಟು ಅದು ಗಿಟಾರ್ ಥರಾನೇ ಗರ್ಜಿಸೋ ಹಾಗೆ ಮಾಡಿದ್ರು, ಎಷ್ಟೋ ಕಡೆ ಯಾವುದು ಆರ್ಗನ್ ಯಾವುದು ಗಿಟಾರ್ ಅಂತ ಗೊತ್ತೇ ಆಗಲ್ಲ.

ಆಮೇಲೆ ಆ ರಿಫ್. ನಿಮ್ಮ ಲೇಖಕರು ಅದು ತುಂಬಾ ಸಿಂಪಲ್ ಅಂದಿದಾರೆ. ಸ್ವರ ನಾಲ್ಕೇ ಇರಬಹುದು, ಆದ್ರೆ ಬ್ಲ್ಯಾಕ್‌ಮೋರ್ ಅದನ್ನ ಪಿಕ್ ಹಿಡಿದು ಮೇಲಿಂದ ಕೆಳಗೆ ಬಾರಿಸಲ್ಲ, ಎರಡು ತಂತಿನ ಬೆರಳಲ್ಲಿ ಒಟ್ಟಿಗೆ ಮೀಟ್ತಾರೆ, ಎರಡು ಸ್ವರಾನೂ ಒಂದೇ ಕ್ಷಣಕ್ಕೆ ಹುಟ್ಟಬೇಕು. ಗಿಟಾರ್ ಅಂಗಡಿಗಳಲ್ಲಿ ಹುಡುಗರು ನುಡಿಸೋದು ಮೂಲದ ಥರ ಕೇಳಿಸದೇ ಇರೋದು ಇದಕ್ಕೇ. ಅದರ ಶುರುವನ್ನ ಇನ್ನೊಂದು ಸಲ ಗಮನ ಕೊಟ್ಟು ಕೇಳಿ, ಮೊದಲು ಗಿಟಾರ್ ಒಂದೇ, ಆಮೇಲೆ ಹೈ-ಹ್ಯಾಟ್ (ಡ್ರಮ್ಸಿನ ಜೋಡಿ ತಾಳ) ಜೊತೆಗೆ ಆರ್ಗನ್, ಆಮೇಲೆ ಉಳಿದ ಡ್ರಮ್ಸ್, ಆಮೇಲೆ ಬಾಸ್, ಆಮೇಲೇ ಇಯಾನ್ ಗಿಲ್ಲನ್ ದನಿ. ಬಾಸ್ ಬಂದು ಕೂತಾಗ ಎದೆಗೆ ಏನೋ ತಾಗತ್ತಲ್ಲಾ, ಅಲ್ಲಿ ತನಕ ಗ್ಲೋವರ್ ಕಾದು ನಿಂತಿದ್ದಕ್ಕೇ ಅದು ತಾಗೋದು.

ಹಾಡಿನ ಹೆಸರು ಕೊಟ್ಟಿದ್ದೂ ಗ್ಲೋವರ್ ಅವರೇ. ಬೆಂಕಿ ಆಗಿ ಕೆಲವು ದಿನದ ಮೇಲೆ ನಿದ್ದೆಯಿಂದ ಏಳುವಾಗ ಆ ಮಾತು ತನ್ನ ಬಾಯಿಂದ ತಾನೇ ಬಂತು ಅಂತ ಹೇಳ್ತಾರೆ. ಗಿಲ್ಲನ್‌ಗೆ ಹೇಳಿದ್ರೆ ಡ್ರಗ್ಸ್ ಹಾಡಿನ ಹೆಸರಿದ್ದಂಗಿದೆ ಅಂತ ಮೊದಲು ಅಷ್ಟಾಗಿ ಒಪ್ಪಲಿಲ್ಲವಂತೆ. ಕೊನೆಗೆ ಆಲ್ಬಮ್‌ಗೆ ಇನ್ನೊಂದು ಹಾಡು ಬೇಕು ಅಂತಾದಾಗ ಪೆವಿಲಿಯನ್‌ನಲ್ಲಿ ಪೊಲೀಸರು ಬಾಗಿಲು ಬಡಿಯುವಾಗ ಮಾಡಿದ್ರಲ್ಲಾ ಆ ಟ್ಯೂನ್ ಎತ್ಕೊಂಡು, ಗಿಲ್ಲನ್, ಗ್ಲೋವರ್ ಕೂತು ತಮಗೆ ಆಗಿದ್ದನ್ನ ಆಗಿದ್ದಂಗೇ ಬರೆದ್ರು. ಇಲ್ಲಿ ನನ್ನ ಮುಖ್ಯ ಮಾತು ಇದೆ ಸಾರ್. ಆ ಹಾಡು ಬೆಂಕಿಗೇ ನಿಲ್ಲಲ್ಲ. ಕೊನೇ ಚರಣ ಪೂರ್ತಿ ಗ್ರ್ಯಾಂಡ್ ಹೋಟೆಲ್ ಬಗ್ಗೆ, ಅಲ್ಲಿನ ಚಳಿ, ಹೊರಗೆ ನಿಂತ ಟ್ರಕ್ಕು, ಹಳೇ ಹಾಸಿಗೆಗಳು, ಬೆವರು ಸುರಿಸೋಕೆ ಒಂದು ಜಾಗ ಮಾಡ್ಕೊಂಡಿದ್ದು. ಬೆಂಕಿನ ಕಣ್ಣಾರೆ ನೋಡಿದೋರೇ ಅದನ್ನ ದಾಟಿ ಕೆಲಸದ ಬಗ್ಗೆ ಬರೆದಿದಾರೆ, ಐವತ್ತು ವರ್ಷ ಆದ್ಮೇಲೆ ನಾವು ಯಾಕೆ ಬೆಂಕಿ ಹತ್ರಾನೇ ನಿಂತ್ಕೊಂಡಿದೀವಿ?

ಡಿಸೆಂಬರ್ 6ರಿಂದ 21ರ ಒಳಗೆ ಎಲ್ಲಾ ಮುಗೀತು, ಜಾಗ ಹುಡುಕಿದ ದಿನಗಳೂ ಅದರಲ್ಲೇ ಸೇರಿ. 1972ರ ಮಾರ್ಚ್‌ನಲ್ಲಿ ಏಳು ಹಾಡಿನ ಆಲ್ಬಮ್ ಬಂತು, ಬ್ರಿಟನ್‌ನಲ್ಲಿ ನಂಬರ್ ಒನ್ ಆಯ್ತು. ‘ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್’ ಅಂತ ಒಂದು ಚಂದದ ನಿಧಾನ ಹಾಡು ಅದೇ ಸೆಷನ್‌ನಲ್ಲಿ ಆಗಿತ್ತು, ಅದನ್ನ ಆಲ್ಬಮ್‌ನಿಂದ ಹೊರಗಿಟ್ಟು ಸಿಂಗಲ್‌ನ (ಒಂದು ಹಾಡಿಗಂತ ಬಿಡೋ ಚಿಕ್ಕ ರೆಕಾರ್ಡ್) ಹಿಂದುಗಡೆ ಹಾಕಿದ್ರು, ನನಗೆ ಇವತ್ತಿಗೂ ಅದು ಬೇಜಾರೇ. ಹಿಟ್ ಆಗತ್ತೆ ಅಂತ ಬ್ಯಾಂಡು ನಂಬಿದ್ದು ‘ನೆವರ್ ಬಿಫೋರ್’ ಹಾಡನ್ನ. ‘ಸ್ಮೋಕ್ ಆನ್ ದ ವಾಟರ್’ ಅಮೆರಿಕದಲ್ಲಿ ಸಿಂಗಲ್ ಆಗಿ ಬಂದಿದ್ದು 1973ರಲ್ಲಿ, ಆಲ್ಬಮ್ ಬಂದು ವರ್ಷದ ಮೇಲೆ, ಆಗ ಅದು ಅಲ್ಲಿನ ಚಾರ್ಟ್‌ನಲ್ಲಿ ನಾಲ್ಕನೇ ಜಾಗಕ್ಕೆ ಹೋಯ್ತು.

ಈಗ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲದ ಒಂದು ಹೆಸರು, ಮಾರ್ಟಿನ್ ಬಿರ್ಚ್. ಆ ಟ್ರಕ್ ಒಳಗೆ ಕೂತಿದ್ದ ಇಂಜಿನಿಯರ್, ಆಗಿನ್ನೂ 23 ತುಂಬಿರಲಿಲ್ಲ. ಬ್ಯಾಂಡಿನವರು ನುಡಿಸಿದ ಟೇಕ್ ಕೇಳೋಕೆ ಬರೋದು ನಿಲ್ಲಿಸಿದ್ರು ಅಂದ್ರೆ ಅರ್ಥ ಏನು, ಆ ಹುಡುಗನ ಕಿವಿ ಮೇಲೆ ಅಷ್ಟು ನಂಬಿಕೆ ಇಟ್ಟಿದ್ರು ಅಂತ. ಕಾರಿಡಾರ್ ಅಂದ್ರೆ ಸೌಂಡ್ ರೆಕಾರ್ಡಿಂಗ್‌ಗೆ ಬಹಳ ಕೆಟ್ಟ ಜಾಗ, ಉದ್ದಕ್ಕೆ ಇರತ್ತೆ, ಎರಡು ಕಡೆ ಗಟ್ಟಿ ಗೋಡೆ, ಒಂದು ಮೈಕ್‌ಗೆ ಇನ್ನೊಂದು ವಾದ್ಯದ ಸದ್ದು ನುಗ್ಗತ್ತೆ. ಮೈಕ್ ಎಲ್ಲಿ ಇಡಬೇಕು, ಹಾಸಿಗೆ ಎಲ್ಲಿ ನಿಲ್ಲಿಸಬೇಕು, ಎಷ್ಟು ನುಗ್ಗಿದ್ರೆ ಪರವಾಗಿಲ್ಲ, ಇವೆಲ್ಲಾ ತೀರ್ಮಾನಗಳು. ಅಂಥಾ ಜಾಗದಿಂದ ಅಷ್ಟು ಒಣಗಿದ, ಗಟ್ಟಿಯಾದ, ಒಂದೊಂದು ವಾದ್ಯಾನೂ ಬಿಡಿಬಿಡಿಯಾಗಿ ಕೇಳೋ ಸೌಂಡ್ ಹೊರಗೆ ತಂದಿದ್ದು ಸಣ್ಣ ಕೆಲಸ ಅಲ್ಲ. ಮುಂದೆ ಬ್ಲ್ಯಾಕ್ ಸಬ್ಬತ್‌ನ ‘ಹೆವನ್ ಅಂಡ್ ಹೆಲ್’ ಮಾಡಿದ್ದು ಇದೇ ಬಿರ್ಚ್, 1981ರ ‘ಕಿಲ್ಲರ್ಸ್’ನಿಂದ 1992ರ ‘ಫಿಯರ್ ಆಫ್ ದ ಡಾರ್ಕ್’ ತನಕ ಐರನ್ ಮೇಡನ್ ಆಲ್ಬಮ್‌ಗಳ ಹಿಂದೆ ಇದ್ದಿದ್ದೂ ಇವರೇ. ಹೆವಿ ಮೆಟಲ್ ಹೇಗೆ ಕೇಳಿಸ್ಬೇಕು ಅಂತ ಎರಡು ತಲೆಮಾರಿಗೆ ತೋರಿಸಿಕೊಟ್ಟ ಮನುಷ್ಯ. 2020ರ ಆಗಸ್ಟ್‌ನಲ್ಲಿ ತೀರ್ಕೊಂಡ್ರು.

ಇನ್ನೊಂದು ಸಂಗತಿ ನಿಮ್ಮ ಲೇಖಕರ ಕಣ್ಣಿಗೆ ಬಿದ್ದಿಲ್ಲ ಅನ್ಸತ್ತೆ. ಈ ಆಲ್ಬಮ್ಮನ್ನ 1997ರಲ್ಲಿ ಗ್ಲೋವರ್ ಅವರೇ ಕೂತು ಹೊಸದಾಗಿ ಮಿಕ್ಸ್ ಮಾಡಿದ್ರು, ಅಂದ್ರೆ ಹಳೇ ಟೇಪಿನಲ್ಲಿರೋ ವಾದ್ಯ, ದನಿಗಳನ್ನ ಮತ್ತೆ ಹದವಾಗಿ ಬೆರೆಸಿದ್ರು. 2024ರಲ್ಲಿ ಮತ್ತೊಂದು ಮಿಕ್ಸ್ ಬಂತು, ಮಾಡಿದ್ದು ಡ್ವೀಝಿಲ್ ಜಪ್ಪಾ, ಆವತ್ತು ಕ್ಯಾಸಿನೊ ಸ್ಟೇಜ್ ಮೇಲಿದ್ದ ಫ್ರಾಂಕ್ ಜಪ್ಪಾ ಅವರ ಮಗ. ಆ ಬೆಂಕಿಲಿ ತಂದೆಯ ವಾದ್ಯಗಳೆಲ್ಲಾ ಸುಟ್ಟು ಹೋಗಿದ್ವು, ಮಗನ ಕೈಗೆ ಬಂದಿದ್ದು ಕಾರಿಡಾರ್‌ನಲ್ಲಿ ಆದ ಟೇಪುಗಳು. ಬೆಂಕಿ ಕಥೆ ಹೇಳ್ಲೇಬೇಕು ಅಂದ್ರೂ ಹೇಳೋಕೆ ಇಂಥಾ ದಾರಿ ಇತ್ತಲ್ಲಾ.

ಜಾನ್ ಲಾರ್ಡ್ 2012ರಲ್ಲಿ ಹೋದ್ರು, ಕ್ಲೋಡ್ ನಾಬ್ಸ್ 2013ರಲ್ಲಿ. ಆ ಹೋಟೆಲ್ಲಲ್ಲಿ ಏನಾಯ್ತು ಅಂತ ನೆನಪಿಟ್ಕೊಂಡಿರೋರು ಕಡಿಮೆ ಆಗ್ತಾ ಇದಾರೆ, ಇರೋರು ಹೇಳಿದ್ದನ್ನಾದ್ರೂ ನಾವು ಸರಿಯಾಗಿ ಕನ್ನಡಕ್ಕೆ ತಂದಿಟ್ಕೋಬೇಕು. ಅದಕ್ಕೇ ಒಂದು ವಿನಂತಿ. ನಿಮ್ಮ ಪುರವಣಿಲಿ ಈ ಆಲ್ಬಮ್ ಬಗ್ಗೆ ಇನ್ನೊಂದು ಲೇಖನ ಹಾಕಿ, ಅದೇ ಲೇಖಕರು ಬರೆದ್ರೂ ಸಂತೋಷ, ಅವರ ಶೈಲಿ ಚೆನ್ನಾಗಿದೆ. ಈ ಸಲ ಕ್ಯಾಸಿನೊ ಫೋಟೋ ಬೇಡ, ಆ ಟ್ರಕ್ಕಿನ ಫೋಟೋ ಹಾಕಿ, ಮಾರ್ಟಿನ್ ಬಿರ್ಚ್ ಹೆಸರು ಹೆಡ್ಡಿಂಗ್‌ನಲ್ಲೇ ಬರ್ಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ