ಶನಿವಾರದ ನಾಕಾಬಂದಿಗೆ ಮೊದಲು

ತಿಪಟೂರು
ಗುರುವಾರ ರಾತ್ರಿ

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ದೊಡ್ಡಮ್ಮನ ಮಂಡಿನೋವು ಈಗ ಕಡಿಮೆಯಾಗಿದೆ. ನಿನ್ನೆ ನೀನು ಫೋನಿನಲ್ಲಿ ಹೇಳಿದ ಮಾತು ಮಾತ್ರ ನನಗೆ ನಿದ್ದೆ ಬರಗೊಡಲಿಲ್ಲ. ‘ಈ ಶನಿವಾರ ರಾತ್ರಿ ಬೈಕ್ ರೇಸ್ ನಡೆಯುವ ಹೆದ್ದಾರಿಯ ಎರಡೂ ಕಡೆ ಬಂದ್ ಮಾಡಿಸಿ, ಅಲ್ಲಿರುವವರನ್ನೆಲ್ಲ ಒಬ್ಬನನ್ನೂ ಬಿಡದೆ ಎತ್ತಿ ಹಾಕಿಕೊಂಡು ಬರುತ್ತೇನೆ ದೊಡ್ಡಪ್ಪ’ ಎಂದೆ. ಫೋನಿನಲ್ಲಿ ತಿರುಗಿ ಹೇಳಿದರೆ ಅರ್ಧ ಕೇಳುತ್ತೀಯ, ಅಷ್ಟರಲ್ಲಿ ವಾಕಿಟಾಕಿ ಕೂಗುತ್ತದೆ. ನಾಳೆ ನಿನ್ನ ಅಪ್ಪ ಬೆಂಗಳೂರಿಗೆ ಬರುವವನಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಊಟವಾದ ಮೇಲೆ ಒಬ್ಬನೇ ಕುಳಿತು ಓದು.

ರೇಸ್ ಮಾಡುವ ಹುಡುಗರ ಪರವಾಗಿ ವಕಾಲತ್ತು ಹಾಕಲು ನಾನು ಕೂತಿಲ್ಲ. ಬೆಳಗಿನ ಜಾವ ಹೂವಿನ ಮೂಟೆ ಹೊತ್ತು ಮಾರುಕಟ್ಟೆಯ ಬಸ್ಸಿಗೆ ಹೊರಟಿದ್ದ ಹೆಂಗಸೊಬ್ಬಳನ್ನು ಇಂಥವರ ಬೈಕಿನಡಿಯಿಂದ ಎತ್ತಿದವನು ನಾನು. ಸೇವಂತಿಗೆ ರಸ್ತೆಯ ತುಂಬ ಚೆಲ್ಲಿತ್ತು. ಪಂಚನಾಮೆ ಬರೆಯುವಾಗ ಗಾಳಿಗೆ ಹಾರಿ ಬಂದ ಎಸಳುಗಳನ್ನು ಕಾಗದದ ಮೇಲಿನಿಂದ ಮತ್ತೆ ಮತ್ತೆ ಸರಿಸಬೇಕಾಯಿತು. ಅವಳ ಮಗಳು ಠಾಣೆಗೆ ಬಂದು ‘ಅಮ್ಮ ರಸ್ತೆಯ ಅಂಚಿನಲ್ಲೇ ನಡೆಯುತ್ತಿದ್ದಳು ಸಾರ್’ ಎಂದಷ್ಟೇ ಹೇಳಿದಳು. ಆದ್ದರಿಂದ ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಈ ಕೆಲಸ ನಿಲ್ಲಲೇಬೇಕು, ನಿಲ್ಲಿಸಬೇಕಾದವನೂ ಪೊಲೀಸ್ ಅಧಿಕಾರಿಯಾದ ನೀನೇ.

ಆದರೆ ನೀನು ಹೇಳಿದ ದಾರಿಯಲ್ಲಿ ನಾನು ಒಮ್ಮೆ ನಡೆದಿದ್ದೇನೆ. ನಿನ್ನ ಅಪ್ಪನಿಗೂ ಇದನ್ನು ಪೂರ್ತಿ ಹೇಳಿಲ್ಲ.

2001ರ ಮಾತು. ಆಗ ನಾನು ಠಾಣೆಯ ರೈಟರ್, ಕೇಸಿನ ಕಾಗದಪತ್ರ ಬರೆಯುವ ಪೊಲೀಸ್. ಯಾವ ಠಾಣೆ ಎಂಬುದು ಬೇಡ. ಶನಿವಾರ ರಾತ್ರಿ ಊರ ಹೊರಗಿನ ನೇರ ರಸ್ತೆಯಲ್ಲಿ ಯಮಹಾ ಆರ್‌ಎಕ್ಸ್-100 ಗಾಡಿಗಳ ಪಂದ್ಯ ನಡೆಯುತ್ತಿತ್ತು. ಸೈಲೆನ್ಸರ್ ಕೊರೆಸಿದ ಆ ಗಾಡಿಗಳ ಸದ್ದು ಎರಡು ಮೈಲಿ ದೂರಕ್ಕೆ ಕೇಳುತ್ತಿತ್ತು. ಪತ್ರಿಕೆಯಲ್ಲಿ ಬಂತು, ಮೇಲಿನಿಂದ ಒತ್ತಡವೂ ಬಂತು. ನಾವು ಎರಡೂ ತುದಿಯಲ್ಲಿ ಬ್ಯಾರಿಕೇಡ್ ಹಾಕಿ ನಡುವೆ ಸಿಕ್ಕವರನ್ನೆಲ್ಲ ವ್ಯಾನಿಗೆ ತುಂಬಿದೆವು. ಇಪ್ಪತ್ತೇಳು ಜನ. ಚಹಾದಂಗಡಿಯ ಮುಂದೆ ನಿಂತವರು, ನೋಡಲು ಬಂದವರು, ಬಸ್ಸು ತಪ್ಪಿಸಿಕೊಂಡು ಕೂತವರು, ಎಲ್ಲರೂ ಆ ಲೆಕ್ಕದಲ್ಲಿ ಸೇರಿದರು. ರಾತ್ರಿಯಿಡೀ ಠಾಣೆಯ ಅಂಗಳದಲ್ಲಿ ಸಾಲಾಗಿ ಮಂಡಿಯೂರಿಸಿದೆವು.

ಹಿಡಿದು ತಂದ ಬೈಕುಗಳ ಸಾಲಿನ ಕೊನೆಯಲ್ಲಿ ಒಂದು ಟಿವಿಎಸ್ ಮೊಪೆಡ್ ಇತ್ತು. ಹಿಂದಿನ ಕ್ಯಾರಿಯರ್‌ಗೆ ಹಾಲಿನ ಕ್ಯಾನು ಕಟ್ಟಿತ್ತು. ಮರುದಿನ ಮದುವೆಯಿದ್ದ ಛತ್ರಕ್ಕೆ ಹಾಲು ಒಯ್ಯುತ್ತಿದ್ದ ಹುಡುಗ, ಚಹಾ ಕುಡಿಯಲೆಂದು ನಿಂತಿದ್ದನಂತೆ. ನಡುರಾತ್ರಿಯ ಹೊತ್ತಿಗೆ ಅವನು ಎದ್ದು ನಿಂತು, ‘ಸಾರ್, ಕ್ಯಾನಿನ ಮುಚ್ಚಳ ತೆಗೆದಿಡುತ್ತೇನೆ, ಸೆಕೆಗೆ ಹಾಲು ಒಡೆದುಹೋಗುತ್ತದೆ’ ಎಂದ. ಅಪ್ಪಣೆಯಿಲ್ಲದೆ ಎದ್ದದ್ದಕ್ಕೆ ನಾನು ಲಾಠಿ ಬೀಸಿದೆ. ಅಡ್ಡ ಹಿಡಿದ ಮಣಿಕಟ್ಟಿನ ಮೇಲೆ ಬಿತ್ತು. ಅವನು ಅಳಲಿಲ್ಲ, ಸುಮ್ಮನೆ ಮತ್ತೆ ಮಂಡಿಯೂರಿದ. ಬೆಳಿಗ್ಗೆ ಅಂಗಳದ ತುಂಬ ಒಡೆದ ಹಾಲಿನ ಹುಳಿ ವಾಸನೆ. ಅವನ ಕೈ ಊದಿ ಗಡಿಗೆಯಂತಾಗಿತ್ತು. ನಾನು ಆ ಗಾಡಿಯ ನಂಬರನ್ನೂ ಪಟ್ಟಿಗೆ ಸೇರಿಸಿ ಬರೆದೆ. ಇಪ್ಪತ್ತೇಳು ಜನರಿಗೂ ಒಕ್ಕಣೆ ಒಂದೇ, ಹೆಸರು ಮಾತ್ರ ಬೇರೆ. ನನ್ನದೇ ಅಕ್ಷರ.

ಆಗ ರಸ್ತೆಯಲ್ಲಿ ಪಂದ್ಯ ನಡೆಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಲ್ಲಿ ಒಂದು ತಿಂಗಳವರೆಗಿನ ಸಜೆ ಇಲ್ಲವೇ 500 ರೂಪಾಯಿಯವರೆಗೆ ದಂಡ. ಅಷ್ಟು ಚಿಕ್ಕ ಕೇಸು. ಆದರೂ ನ್ಯಾಯಾಧೀಶರು ಆ ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರು. ‘ಬರೆದವರು ಯಾರು’ ಎಂದು ಕೇಳಿದರು. ನಾನು ಎದ್ದೆ. ‘ಈ ಟಿವಿಎಸ್ ಯಾವ ಗಾಡಿಯ ಜೊತೆ ಪಂದ್ಯ ಕಟ್ಟಿತ್ತು?’ ಎಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಎಲ್ಲ ಕೇಸುಗಳೂ ಬಿದ್ದವು. ಪಂದ್ಯ ಕಟ್ಟಿದ ಇಬ್ಬರನ್ನು ನಾನು ಕಣ್ಣಾರೆ ನೋಡಿದ್ದೆ. ಅವರ ವಿಷಯದಲ್ಲಿ ನಾನು ಹೇಳಿದ್ದೆಲ್ಲ ನಿಜವಾಗಿತ್ತು. ಹಾಲಿನ ಹುಡುಗನ ಬಗ್ಗೆ ಬರೆದ ಸುಳ್ಳು ಆ ನಿಜವನ್ನೂ ನುಂಗಿತು. ಹೊರಗೆ ಬಂದ ಮರುವಾರವೇ ಅವರು ಅದೇ ರಸ್ತೆಯಲ್ಲಿದ್ದರು.

ಆ ಹುಡುಗನ ಕೈಗೆ ನಾಟಿ ವೈದ್ಯರ ಹತ್ತಿರ ಕಟ್ಟು ಹಾಕಿಸಿದರಂತೆ. ನಾನು ನೋಡಲು ಹೋಗಲಿಲ್ಲ. ಹೋಗಬೇಕಿತ್ತು.

ನಿನ್ನ ಕಾಲಕ್ಕೆ ಕಾನೂನು ಬಿಗಿಯಾಗಿದೆ. 2019ರ ತಿದ್ದುಪಡಿಯ ಮೇಲೆ ಅದೇ 189ಕ್ಕೆ ಮೊದಲ ಸಲ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿಯವರೆಗೆ ದಂಡ, ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಸಜೆ ಅಥವಾ 10,000 ದಂಡ, ಇಲ್ಲವೇ ಎರಡೂ. ಆದರೆ ಆ ಕಲಮಿನ ಭಾಷೆಯನ್ನು ನಿಧಾನವಾಗಿ ಓದು. ಪಂದ್ಯದಲ್ಲಿ ಭಾಗವಹಿಸಿದವನು, ಅದಕ್ಕೆ ಅವಕಾಶ ಕೊಟ್ಟವನು ಎಂದಿದೆ. ರಸ್ತೆಬದಿಯಲ್ಲಿ ನಿಂತು ನೋಡಿದವನು ಎಂದಿಲ್ಲ. ಅಪಾಯಕಾರಿ ಚಾಲನೆಗೆ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವನ್ನು 202ನೇ ಕಲಮು ಕೊಡುತ್ತದೆ. ಅದರಲ್ಲೂ ಸಮವಸ್ತ್ರದಲ್ಲಿರುವ ಅಧಿಕಾರಿಯ ಸಮ್ಮುಖದಲ್ಲಿ ನಡೆದ ಅಪರಾಧ ಎಂಬ ಮಾತಿದೆ. ಸಮ್ಮುಖದಲ್ಲಿ ಎಂಬ ಆ ಒಂದು ಪದಕ್ಕಾಗಿ ನಾನು ಈ ಕಾಗದ ಬರೆಯುತ್ತಿದ್ದೇನೆ. ನೀನು ಕಂಡದ್ದು ಯಾರನ್ನು, ಯಾವ ಗಾಡಿಯ ಮೇಲೆ, ಏನು ಮಾಡುತ್ತಿರುವಾಗ? ಈ ಮೂರಕ್ಕೂ ಉತ್ತರವಿರುವವನ ಮೇಲೆ ಕೇಸು ಹಾಕು, ಗಟ್ಟಿಯಾಗಿ ಹಾಕು. ಉತ್ತರವಿಲ್ಲದವನನ್ನು ಮುಟ್ಟಬೇಡ.

ನಿನ್ನ ಅಕ್ಕ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾಗ ನಾವು ಹೋಗಿದ್ದೆವಲ್ಲ, ಅಲ್ಲಿ ವೆಸ್ಟ್‌ಹೈಮರ್ ಎಂಬ ದೊಡ್ಡ ರಸ್ತೆಯಿದೆ. 2002ರ ಆಗಸ್ಟ್‌ನಲ್ಲಿ ಅಲ್ಲಿನ ಪೊಲೀಸರು ಇದೇ ಲೆಕ್ಕಾಚಾರದಲ್ಲಿ ಕೆಮಾರ್ಟ್ ಅಂಗಡಿಯ ಪಾರ್ಕಿಂಗ್ ಜಾಗವನ್ನು ಸುತ್ತುವರಿದರು. ರಸ್ತೆ ರೇಸಿನವರು ಅಲ್ಲಿ ಸೇರುತ್ತಾರೆ ಎಂಬ ದೂರಿತ್ತು. ಆ ರಾತ್ರಿ 278 ಜನರನ್ನು ಬಂಧಿಸಿದರು. ಅಂಗಡಿಗೆ ಸಾಮಾನು ತರಲು ಬಂದವರು, ಪಕ್ಕದ ಹೋಟೆಲಿನಲ್ಲಿ ತಿನ್ನಲು ಬಂದವರು, ಶಾಲೆಯ ವಯಸ್ಸಿನ ಮಕ್ಕಳು ಅದರಲ್ಲಿದ್ದರು. ಹಾಕಿದ್ದು ಅತಿಕ್ರಮ ಪ್ರವೇಶದಂಥ ಕೇಸುಗಳು. ಕೊನೆಗೆ ಅವನ್ನು ಕೈಬಿಡಬೇಕಾಯಿತು. ಕಾರ್ಯಾಚರಣೆಯ ಮುಂದಾಳಾಗಿದ್ದ ಕ್ಯಾಪ್ಟನ್ ಕೆಲಸ ಕಳೆದುಕೊಂಡ. ಅವನ ಮೇಲೆ ಕ್ರಿಮಿನಲ್ ಮೊಕದ್ದಮೆಯೂ ನಡೆಯಿತು, ಅದರಲ್ಲಿ ಖುಲಾಸೆಯಾದ. ನಿನ್ನ ಅಕ್ಕ ಈ ಕಥೆ ಹೇಳಿದಾಗ ನನಗೆ ನಮ್ಮ ಇಪ್ಪತ್ತೇಳು ನೆನಪಾಯಿತು. ದೇಶ ಬೇರೆ, ಸಮವಸ್ತ್ರ ಬೇರೆ, ಆದರೆ ಜಾಗ ನೋಡಿ ಮನುಷ್ಯನನ್ನು ಅಪರಾಧಿ ಮಾಡಿದ ತಪ್ಪು ಒಂದೇ.

ಇನ್ನು ಓಡುವ ಗಾಡಿಗೆ ಲಾಠಿ ಅಡ್ಡ ಹಿಡಿಯುವ ಮಾತು. ಇದರಲ್ಲಿ ನಾನು ಬುದ್ಧಿವಾದ ಹೇಳುವುದಿಲ್ಲ ಪುಟ್ಟ, ಹಿರಿಯನಾಗಿ ಅಪ್ಪಣೆ ಮಾಡುತ್ತೇನೆ. ಬೇಡ. ಮಂಡ್ಯದಲ್ಲಿ 2025ರ ಮೇ 26ರಂದು ನಡೆದದ್ದನ್ನು ನೀನೂ ಓದಿದ್ದೀಯ. ನಾಯಿ ಕಚ್ಚಿದ ಪುಟ್ಟ ಮಗುವನ್ನು ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದರು. ಸಂಚಾರ ಪೊಲೀಸರು ತಪಾಸಣೆಗೆಂದು ಗಾಡಿ ತಡೆಯಲು ಹೋದಾಗ ಬೈಕು ಉರುಳಿತು, ರಸ್ತೆಗೆ ಬಿದ್ದ ಮಗುವಿನ ಮೇಲೆ ಲಾರಿ ಹರಿಯಿತು. ಮೂವರು ಎಎಸ್‌ಐಗಳು ಅಮಾನತಾದರು. ಆ ಮೂವರೂ ಮಗುವಿಗೆ ಕೇಡು ಬಯಸಿ ಬೆಳಿಗ್ಗೆ ಮನೆ ಬಿಟ್ಟವರಲ್ಲ. ದಿನವೂ ಮಾಡುವಂತೆ ಅಂದೂ ಕೈ ಚಾಚಿದರು. ಅದಾದ ಮೇಲೆ ಹಠಾತ್ತಾಗಿ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು, ವೇಗವಾಗಿ ಹೋಗುವವನನ್ನು ಬೆನ್ನಟ್ಟದೆ ನಂಬರ್ ಬರೆದುಕೊಂಡು ಕಂಟ್ರೋಲ್ ರೂಂಗೆ ತಿಳಿಸಬೇಕು ಎಂದು ಇಲಾಖೆಯೇ ಹೇಳಿತು. ಆ ಸೂಚನೆಯ ಪ್ರತಿ ನಿಮ್ಮ ಠಾಣೆಯಲ್ಲಿರುತ್ತದೆ. ಶನಿವಾರ ಹೊರಡುವ ಮೊದಲು ನಿನ್ನ ಹುಡುಗರಿಗೆಲ್ಲ ಗಟ್ಟಿಯಾಗಿ ಓದಿ ಹೇಳು. ಬೆನ್ನಟ್ಟಿಸಿಕೊಂಡ ಹದಿನೆಂಟರ ಹುಡುಗ ನೂರರ ವೇಗವನ್ನು ನೂರಿಪ್ಪತ್ತು ಮಾಡುತ್ತಾನೆ, ಎದುರಿಗೆ ಬರುವವರಿಗೆ ಅದು ಗೊತ್ತಿರುವುದಿಲ್ಲ.

ಜನ ನಿನ್ನನ್ನು ಹೊಗಳುತ್ತಾರೆ ಎಂಬುದೂ ನನಗೆ ಚಿಂತೆಯೇ. 2024ರ ಆಗಸ್ಟ್‌ನಲ್ಲಿ ತುಮಕೂರು ರಸ್ತೆಯ ಅಡಕಮಾರನಹಳ್ಳಿ ಹತ್ತಿರ ವ್ಹೀಲಿ (ಮುಂದಿನ ಚಕ್ರ ಮೇಲೆತ್ತಿ ಓಡಿಸುವುದು) ಮಾಡುತ್ತಿದ್ದವರ ಸ್ಕೂಟರ್‌ಗಳನ್ನು ರೊಚ್ಚಿಗೆದ್ದವರು ಮೇಲ್ಸೇತುವೆಯಿಂದ ಕೆಳಗೆ ಎಸೆದರಲ್ಲ, ಆ ವಿಡಿಯೊ ನಮ್ಮೂರಿನ ಅರಳಿಕಟ್ಟೆಯವರೆಗೂ ಬಂದಿತ್ತು. ಸರಿಯಾಯಿತು ಎಂದವರೇ ಹೆಚ್ಚು. ಕೆಳಗಿನ ರಸ್ತೆಯಲ್ಲಿ ಯಾರಾದರೂ ಹೋಗುತ್ತಿದ್ದರೆ ಎಂದು ಕೇಳಿದ್ದಕ್ಕೆ ನನ್ನ ಮೇಲೇ ರೇಗಿದರು. ಜನರಿಗೆ ಸಿಟ್ಟು ಬರಲಿ, ಅವರು ಅದನ್ನು ಅನುಭವಿಸುತ್ತಿರುವವರು. ನಿನಗೆ ಸರ್ಕಾರ ಸಂಬಳ ಕೊಡುವುದು ಆ ಸಿಟ್ಟನ್ನು ಕಾನೂನಿನ ಅಳತೆಗೆ ತರಲು. ಹುಡುಗರನ್ನು ಬಸ್ಕಿ ಹೊಡೆಸಿ, ಮುಖ ತೋರಿಸಿ ವಿಡಿಯೊ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡು. ಶಿಕ್ಷೆ ಕೊಡುವುದು ನ್ಯಾಯಾಲಯದ ಕೆಲಸ. ಕ್ಯಾಮೆರಾ ಬೇಕಾದದ್ದು ಬೇರೆ ಕಡೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಜಪ್ತಿಯನ್ನು ಚಿತ್ರೀಕರಿಸಲೇಬೇಕು. ಅದನ್ನು ಹೊರೆ ಎಂದುಕೊಳ್ಳಬೇಡ. ನಮ್ಮ ಕಾಲದಲ್ಲಿ ಅದಿದ್ದಿದ್ದರೆ ಹಾಲಿನ ಕ್ಯಾನು ಎಲ್ಲರಿಗೂ ಕಾಣುತ್ತಿತ್ತು.

ಸಿಕ್ಕವರಲ್ಲಿ ಹದಿನೆಂಟು ತುಂಬದವರು ಇದ್ದೇ ಇರುತ್ತಾರೆ. ಅವರಿಗೆ ಲಾಕಪ್ ಇಲ್ಲ, ಕೋಳ ಇಲ್ಲ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಒಪ್ಪಿಸಿ, ಮನೆಯವರನ್ನು ಕೂಡಲೇ ಕರೆಸು. ಮೋಟಾರು ವಾಹನ ಕಾಯ್ದೆಯ 199ಎ ಕಲಮು ಗಾಡಿ ಕೊಟ್ಟ ತಂದೆಯನ್ನೋ ಮಾಲೀಕನನ್ನೋ ಹೊಣೆ ಮಾಡುತ್ತದೆ: ಮೂರು ವರ್ಷದವರೆಗೆ ಸಜೆ, 25,000 ದಂಡ, ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಬಹಳ ಒಳ್ಳೆಯ ಕಲಮು, ಅಷ್ಟೇ ಅಪಾಯದ್ದು. ಇಪ್ಪತ್ತೈದು ಸಾವಿರ ಎಂದು ಕೇಳಿದ ತಂದೆ ಐದು ಸಾವಿರ ಹಿಡಿದು ಠಾಣೆಯ ಹಿಂಬಾಗಿಲಿಗೆ ಬರುತ್ತಾನೆ. ಅವನು ನಿನ್ನ ಹತ್ತಿರ ಬರುವುದಿಲ್ಲ, ನಿನ್ನ ಹೆಸರು ಹೇಳುವ ಇನ್ನೊಬ್ಬರ ಹತ್ತಿರ ಬರುತ್ತಾನೆ. ದಂಡ ದೊಡ್ಡದಾದಷ್ಟೂ ಮಾಮೂಲು ದೊಡ್ಡದಾಗುವುದನ್ನು ನಾನು ಮೂವತ್ತೈದು ವರ್ಷ ನೋಡಿದ್ದೇನೆ. ಆದ್ದರಿಂದ ಹಿಡಿದ ಪ್ರತಿ ಗಾಡಿಯ ನಂಬರ್, ಹಿಡಿದ ವೇಳೆ, ಹಿಡಿದವರ ಹೆಸರು ಆ ರಾತ್ರಿಯೇ ಠಾಣಾ ದಿನಚರಿಗೆ ಬರಲಿ. ಬೆಳಗಾಗಲಿ ಎನ್ನಬೇಡ. ಬೆಳಗಾಗುವುದರೊಳಗೆ ಯಾರದೋ ಫೋನು ಬಂದು ಸಾಲಿನಿಂದ ಒಂದು ಗಾಡಿ ಕಡಿಮೆಯಾಗಿರುತ್ತದೆ, ಉಳಿಯುವುದು ಫೋನು ಮಾಡಲು ಯಾರೂ ಇಲ್ಲದವನ ಗಾಡಿ.

ಇದನ್ನು ಹೇಳಲು ಮನಸ್ಸಿಗೆ ಕಷ್ಟ, ಆದರೂ ಹೇಳುತ್ತೇನೆ. ಕತ್ತಲಲ್ಲಿ ಐವತ್ತು ಹುಡುಗರ ನಡುವೆ ನಮ್ಮವರ ಕಣ್ಣು ಮೊದಲು ಯಾರ ಮೇಲೆ ಬೀಳುತ್ತದೆ ಎಂದು ಗಮನಿಸು. ಹೆಸರು, ಗಡ್ಡ, ಕಿವಿಯ ಓಲೆ, ಯಾವ ಬಡಾವಣೆಯವನು ಎಂಬುದು ಗಾಡಿಯ ವೇಗಕ್ಕಿಂತ ಮೊದಲು ನಮ್ಮವರಿಗೆ ಕಂಡುಬಿಡುತ್ತದೆ. ಅದನ್ನು ತಡೆಯಬೇಕಾದವನು ಅಧಿಕಾರಿ. ಹಾಗೆಯೇ ಒಂದು ವ್ಹೀಲಿಗೆ ರೌಡಿ ಶೀಟ್ ತೆರೆಯುವ ಪ್ರಸ್ತಾಪಕ್ಕೆ ನಿನ್ನ ಸಹಿ ಬೀಳದಿರಲಿ. ಹತ್ತೊಂಬತ್ತು ವರ್ಷದವನು ನಾಳೆ ಕೆಲಸಕ್ಕೆ, ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದಾಗಲೆಲ್ಲ ಆ ಶೀಟ್ ಎದುರು ನಿಲ್ಲುತ್ತದೆ.

ಹಾಗಾದರೆ ಮಾಡುವುದೇನು ಎಂದು ಕೇಳುತ್ತೀಯ. ಈ ಶನಿವಾರ ಯಾರನ್ನೂ ಹಿಡಿಯಬೇಡ. ಮಫ್ತಿಯಲ್ಲಿ ಇಬ್ಬರನ್ನು ಚಹಾದಂಗಡಿಯ ಹತ್ತಿರ, ಇಬ್ಬರನ್ನು ಪಂದ್ಯ ಮುಗಿಯುವ ಕಡೆ ನಿಲ್ಲಿಸು. ನಂಬರ್ ಪ್ಲೇಟ್ ಮಡಚಿಟ್ಟಿರುತ್ತಾರೆ, ಆದರೆ ಪಂದ್ಯ ಮುಗಿಸಿ ಮನೆಗೆ ಹೋಗುವಾಗ ನೆಟ್ಟಗೆ ಮಾಡುತ್ತಾರೆ. ಪೆಟ್ರೋಲ್ ಬಂಕಿನ, ಟೋಲಿನ ಕ್ಯಾಮೆರಾದಲ್ಲಿ ಅದು ಸಿಗುತ್ತದೆ. ತಾವು ಮಾಡಿದ್ದನ್ನು ತಾವೇ ಇನ್‌ಸ್ಟಾಗ್ರಾಂಗೆ ಹಾಕುತ್ತಾರೆ, ಅದನ್ನು ಉಳಿಸಿಟ್ಟುಕೋ. ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಸಮವಸ್ತ್ರದಲ್ಲಿ ಅವನ ಮನೆಯ ಬಾಗಿಲು ತಟ್ಟಿ ನೋಟಿಸ್ ಕೊಡು, ತಾಯಿಯೆದುರೇ ವಿಡಿಯೊ ತೋರಿಸು. ರಾತ್ರಿ ಲಾಠಿಗೆ ಹೆದರದವನು ಬೆಳಿಗ್ಗೆ ತಾಯಿಯ ಮುಖ ನೋಡಲಾರ, ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಸೈಲೆನ್ಸರ್ ಕೊರೆದುಕೊಡುವ ಗ್ಯಾರೇಜುಗಳನ್ನೂ ವಿಚಾರಿಸು. ಜಪ್ತಿ ಮಾಡಿದ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹತ್ತಿಸುವ ಮೊದಲು ನ್ಯಾಯಾಲಯದ ಆದೇಶ ಕೈಯಲ್ಲಿರಲಿ. ಹೆದ್ದಾರಿ ಪ್ರಾಧಿಕಾರಕ್ಕೆ ಬರೆದು ಆ ನೇರ ರಸ್ತೆಗೆ ದೀಪ ಹಾಕಿಸು. ವೇಗದ ಹುಚ್ಚು ನಿಜವಾಗಿಯೂ ಇರುವ ಹುಡುಗ ಸಿಕ್ಕಿದರೆ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯಲ್ಲಿ ಅದಕ್ಕೆಂದೇ ಟ್ರ್ಯಾಕ್ ಇದೆ ಎಂದು ತಿಳಿಸು. ಒಬ್ಬಿಬ್ಬರಾದರೂ ಕೇಳಬಹುದು.

ಮೇಲಿನವರು ಎಷ್ಟು ಜನರನ್ನು ಹಿಡಿದೆ ಎಂದು ಲೆಕ್ಕ ಕೇಳುತ್ತಾರೆ, ಗೊತ್ತು. ನಾಲ್ಕೇ ಹೆಸರು ಕೊಡು, ನಾಲ್ಕಕ್ಕೂ ವಿಡಿಯೊ, ಸಾಕ್ಷಿ ಲಗತ್ತಿಸು. ಬೈದರೆ ಬೈಸಿಕೋ.

ದೊಡ್ಡಮ್ಮ ಕೊಬ್ಬರಿ ಮಿಠಾಯಿ ಕಟ್ಟಿ ಕಳಿಸಿದ್ದಾಳೆ, ಠಾಣೆಯವರಿಗೂ ಕೊಡು. ಶನಿವಾರ ರಾತ್ರಿ ಕೆಲಸ ಮುಗಿದ ಮೇಲೆ, ಎಷ್ಟೇ ಹೊತ್ತಾಗಿರಲಿ, ಫೋನ್ ಮಾಡು. ನಾನು ಎದ್ದಿರುತ್ತೇನೆ.

ಇಂತಿ ನಿನ್ನ,
ದೊಡ್ಡಪ್ಪ