ಐರ್ಲೆಂಡಿನ ಅಂಗಮಾರಿ, ನಮ್ಮ ಉರ್ಲಗಡ್ಡೆ

ಮಾನ್ಯ ಸಂಪಾದಕರೇ,

ನಾನು ಚಿಕ್ಕಬಳ್ಳಾಪುರ ತಾಲ್ಲೂಕಿನ ಉರ್ಲಗಡ್ಡೆ ಬೆಳೆಗಾರ. ನಾವು ಬಿತ್ತುವ ಗಡ್ಡೆ ಪಂಜಾಬಿನ ಜಾಲಂಧರಿನಿಂದ ಲಾರಿಯಲ್ಲಿ ಬರುತ್ತದೆ. ಡಿಗ್ರಿ ಓದುತ್ತಿರುವ ಮಗಳು ಒಂದು ದಿನ ಇತಿಹಾಸದ ಪುಸ್ತಕ ಹಿಡಿದು ಬಂದು, "ಅಪ್ಪಾ, ನಿನ್ನ ಬೀಜದ ಜಾಲಂಧರ್ ಇದರಲ್ಲಿದೆ ನೋಡು" ಅಂದಳು.

1920ರ ಜೂನ್‌ನಲ್ಲಿ ಅಲ್ಲಿನ ದಂಡಿನಲ್ಲಿದ್ದ ಕನಾಟ್ ರೇಂಜರ್ಸ್ ಎಂಬ, ಬ್ರಿಟಿಷ್ ಸೇನೆಯ ಐರಿಷ್ ಪಡೆಯ ಸಿಪಾಯಿಗಳು ಬಂಡೆದ್ದರು. ತಮ್ಮ ಊರಿನ ಜನರ ಮೇಲೆ ಬ್ರಿಟಿಷರು ನಡೆಸಿದ ದೌರ್ಜನ್ಯದ ಸುದ್ದಿ ಕೇಳಿ, ಇನ್ನು ಕೆಲಸ ಮಾಡುವುದಿಲ್ಲ ಎಂದು ಬಂದೂಕು ಕೆಳಗಿಟ್ಟರು. ಬಂಡಾಯ ಈಗಿನ ಹಿಮಾಚಲದ ಸೋಲನ್‌ನಲ್ಲಿದ್ದ ಅದೇ ಪಡೆಯವರಿಗೂ ಹಬ್ಬಿತು. ಅಲ್ಲಿ ಮುಂದಾಳಾಗಿದ್ದ ಜೇಮ್ಸ್ ಡೇಲಿ ಎಂಬ 20 ವರ್ಷದ ಹುಡುಗನನ್ನು ಅದೇ ವರ್ಷದ ನವೆಂಬರ್ 2ರಂದು ಹತ್ತಿರದ ದಗ್ಶಾಯಿ ಜೈಲಿನಲ್ಲಿ ಗುಂಡಿಟ್ಟು ಕೊಂದರು. ನನ್ನ ಮಗಳ ವಯಸ್ಸು.

ಕನಾಟ್ ಅಂದರೆ ಐರ್ಲೆಂಡಿನ ಪಶ್ಚಿಮ ಸೀಮೆ. ಆ ಸಿಪಾಯಿಗಳ ಅಜ್ಜ, ಮುತ್ತಜ್ಜಂದಿರ ಕಾಲದಲ್ಲಿ, 1845ರಲ್ಲಿ, ಅಲ್ಲಿನ ಗಡ್ಡೆಗೆ ಅಂಗಮಾರಿ, ಅಂದರೆ ಎಲೆ, ಗಡ್ಡೆ ಎರಡನ್ನೂ ಕೊಳೆಸುವ ರೋಗ, ಬಿತ್ತು. ಬಡವರಿಗೆ ಊಟ ಅಂದರೆ ಉರ್ಲಗಡ್ಡೆಯೇ. ಹೆಚ್ಚಿನವರು ಬೆಳೆಯುತ್ತಿದ್ದದ್ದು ಲಂಪರ್ ಎಂಬ ಒಂದೇ ತಳಿ, ಹಾಗಾಗಿ ಒಂದಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗುಲಿತು. 1846ರಲ್ಲಿ ಬೆಳೆ ಬಹುತೇಕ ಪೂರ್ತಿ ಹೋಯಿತು. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಅತಿ ಕೆಟ್ಟ ಹೊಡೆತ ಬಿದ್ದದ್ದು ಕನಾಟ್ ಸೀಮೆಗೆ. ಅದೇ ಸಮಯದಲ್ಲಿ ಓಟ್ಸ್, ಬೆಣ್ಣೆ, ದನ ಬಂದರಿನಿಂದ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಕಾಳಿನ ಗಾಡಿಗಳಿಗೆ ಸಿಪಾಯಿಗಳ ಕಾವಲು! ನಮ್ಮಜ್ಜಿ ಹೇಳುತ್ತಿದ್ದ ಧಾತು ಸಂವತ್ಸರದ ಬರದ ಕಥೆ ನೆನಪಾಗಿ ಆ ರಾತ್ರಿ ಊಟ ಸೇರಲಿಲ್ಲ.

ಇದೆಲ್ಲ ಹಳೇ ಮಾತು ಅನ್ನುವ ಹಾಗಿಲ್ಲ. ಹೋದ ಕಾರ್ತಿಕದಲ್ಲಿ ನಾಲ್ಕು ದಿನ ಮಂಜು ಬಿಡಲೇ ಇಲ್ಲ. ಐದನೇ ದಿನ ಬೆಳಿಗ್ಗೆ ಎಲೆ ಮಗುಚಿ ನೋಡಿದೆ. ಅಂಚಿನಲ್ಲಿ ಬಿಸಿನೀರು ಬಿದ್ದ ಹಾಗೆ ಮಚ್ಚೆ, ಅಡಿಯಲ್ಲಿ ಹಿಟ್ಟು ಉದುರಿಸಿದ ಹಾಗೆ ಬಿಳಿ ಬೂಷ್ಟು. ಮೂರನೇ ದಿನಕ್ಕೆ ಒಂದೂವರೆ ಎಕರೆ ಸುಟ್ಟ ಹಾಗೆ ಕಪ್ಪಾಯಿತು. ಹೊಲಕ್ಕೆ ಕಾಲಿಟ್ಟರೆ ಕೊಳೆತ ವಾಸನೆ. ಪಕ್ಕದ ಟೊಮೆಟೊಗೂ ಹಬ್ಬಿತು. ಎರಡಕ್ಕೂ ಬರುವುದು ಅದೇ ಅಂಗಮಾರಿ, ಐರ್ಲೆಂಡಿಗೆ ಬಂದದ್ದೂ ಅದೇ. ಔಷಧಿ ಹೊಡೆಯಬೇಕಾದದ್ದು ರೋಗ ಕಾಣುವ ಮೊದಲು. ನಾನು ಹೊಡೆದದ್ದು ಕಂಡ ಮೇಲೆ.

ಐರ್ಲೆಂಡಿನವರಿಗೆ ಮದ್ದೇ ಇರಲಿಲ್ಲ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಕ್ಕಿದ್ದು 1885ರ ಸುಮಾರಿಗೆ, 40 ವರ್ಷ ತಡವಾಗಿ. ನಮಗೆ ಇದೆ. ನಮಗೆ ಬೇಕಾದದ್ದು ಹೊಡೆಯುವ ದಿನ ಯಾವುದು ಎಂಬ ಮಾತು. ಮಂಜು, ತಂಪು, ತೇವದ ಲೆಕ್ಕ ಹಿಡಿದು ಈ ರೋಗದ ಮುನ್ಸೂಚನೆ ಕೊಡಬಹುದು. ಆದರೆ ಅದು ನಮ್ಮ ಊರಿಗೆ ಮುಟ್ಟುವುದಿಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಜಿಲ್ಲಾ ಪುಟದಲ್ಲಿ ಮಳೆ, ಬಿಸಿಲಿನ ವರದಿ ಹಾಕುತ್ತೀರಲ್ವಾ, ಅದರ ಕೆಳಗೆ ಕಾರ್ತಿಕದಿಂದ ಸಂಕ್ರಾಂತಿವರೆಗೆ ಎರಡೇ ಸಾಲು ಅಂಗಮಾರಿ ಎಚ್ಚರಿಕೆ ಹಾಕಿ. ಕೃಷಿ ವಿಜ್ಞಾನಿಗಳನ್ನು ಕೇಳಿಯೇ ಹಾಕಿ. ಬೇರೆ ಬೇರೆ ತಳಿಯ ಬೀಜ ಎಲ್ಲಿ ಸಿಗುತ್ತದೆ ಎಂದೂ ಬರೆಯಿರಿ. ನಮ್ಮ ಊರಲ್ಲಿ ಈಗಲೂ ಎಲ್ಲರ ಹೊಲದಲ್ಲೂ ಇರುವುದು ಒಂದೇ ತಳಿ. ಬೆಳಿಗ್ಗೆ ಟೀ ಅಂಗಡಿಯಲ್ಲಿ ನಿಮ್ಮ ಪತ್ರಿಕೆಯನ್ನು ಒಬ್ಬರು ಜೋರಾಗಿ ಓದುತ್ತಾರೆ, ಹತ್ತು ಜನ ಕೇಳುತ್ತಾರೆ.

– ಒಬ್ಬ ರೈತ, ಚಿಕ್ಕಬಳ್ಳಾಪುರ ತಾಲ್ಲೂಕು