ಗೋಡೆಗೆ ಏರಿದ ಚಿತ್ರ: ಮಗಳಿಗೊಂದು ಪತ್ರ

ಯಲ್ಲಾಪುರ,
2 ಮಾರ್ಚ್ 2026

ಪ್ರೀತಿಯ ಕೂಸೇ,

ಅಟ್ಲಾಂಟಾದ ನಿನ್ನ ಶಾಲೆಯಲ್ಲಿ ಬ್ಲ್ಯಾಕ್ ಹಿಸ್ಟರಿ ತಿಂಗಳಿಗೆಂದು ನಡೆದ ಚಿತ್ರ ಪ್ರದರ್ಶನದ ಫೋಟೋಗಳನ್ನು ಅಪ್ಪ ಮೊನ್ನೆಯೇ ಕಳಿಸಿದ್ದರೂ, ಅಮ್ಮಮ್ಮನ ಮನೆಯಲ್ಲಿ ಅಂಗಳದ ತುದಿಗೆ ಹೋಗಿ ನಿಂತರೆ ಮಾತ್ರ ಸಿಗ್ನಲ್ ಸಿಗುವುದರಿಂದ, ನಾನು ಅವುಗಳನ್ನು ಸರಿಯಾಗಿ ನೋಡಿದ್ದು ನಿನ್ನೆ ಸಂಜೆ. ಹದಿನಾಲ್ಕು ಫೋಟೋಗಳಲ್ಲಿ ಹೆಚ್ಚಿನವುಗಳಿಗೆ ಯಾರದೋ ಭುಜ, ಯಾರದೋ ಕೈಯಲ್ಲಿನ ಪಿಜ್ಜಾದ ತಟ್ಟೆ ಅಡ್ಡ ಬಂದಿದೆ. ಒಂದರಲ್ಲಿ ಮಾತ್ರ ನಿನ್ನ ಚಿತ್ರ ಇಡಿಯಾಗಿ ಕಾಣುತ್ತದೆ: ನಡುವೆ ಕುಂಕುಮದಂಥ ಕೆಂಪು, ಅದರ ಸುತ್ತ ಕಿತ್ತಳೆ, ಹಳದಿ, ಹಸಿರು, ನೀಲಿಯ ಸುತ್ತುಗಳು, ಪ್ರತಿಯೊಂದು ಸುತ್ತೂ ಬೆರಳಗಲದ ಬಣ್ಣದ ತುಂಡುಗಳಿಂದ ಕೂಡಿಕೊಂಡದ್ದು, ತುಂಡು ತುಂಡಿನ ನಡುವೆ ಬಿಳಿಯ ಸಂದು. ಎಡಗಡೆ ಕೆಳಗೆ ಹಸಿರು ಸೋರಿ ನೀಲಿಯೊಳಗೆ ಇಳಿದಿದೆ. ಅದನ್ನು ತಿದ್ದಲು ಹೋಗದೆ ಹಾಗೆಯೇ ಬಿಟ್ಟಿದ್ದೀಯಲ್ಲ, ನನಗೆ ಅದು ಹಿಡಿಸಿತು.

ಫೋನಿನಲ್ಲಿ ನೀನು ಹೇಳಿದ ಇನ್ನೊಂದು ಸಂಗತಿ ಮಾತ್ರ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ನಮ್ಮವರೇ ಒಬ್ಬರು ಆ ಚಿತ್ರವನ್ನು ನೋಡಿ, "ಬ್ಲ್ಯಾಕ್ ಹಿಸ್ಟರಿ ಎಂದರೆ ಅವರ ಹಬ್ಬ, ಅದರಲ್ಲಿ ನಿನಗೇನು ಕೆಲಸ?" ಎಂದರಂತೆ. ನೀನು ಉತ್ತರ ಕೊಡಲಾಗದೆ ಸುಮ್ಮನಾದೆಯಂತೆ. ಆ ಹೊತ್ತಿಗೆ ನನಗೂ ಉತ್ತರ ಹೊಳೆಯಲಿಲ್ಲ, ಆಮೇಲೆ ಮಾತನಾಡೋಣ ಎಂದು ಫೋನ್ ಇಟ್ಟೆ. ನೀನು ಕನ್ನಡ ಓದುವುದು ನಿಧಾನವೆಂದು ಗೊತ್ತಿದ್ದೂ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ, ಏಕೆಂದರೆ ಇದರಲ್ಲಿ ಕೆಲವು ವಿಷಯಗಳನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಬಾರದು. ಕಷ್ಟವಾದಲ್ಲಿ ಅಪ್ಪನಿಂದ ಓದಿಸಿಕೋ.

ಮೊದಲು, ಅಮೆರಿಕದ ಕಪ್ಪು ಜನರ ಇತಿಹಾಸವನ್ನು ನೆನೆಯುವ ಈ ಆಚರಣೆ ಯಾರದು ಎಂಬುದನ್ನು ನೋಡೋಣ. ಇದನ್ನು ಆರಂಭಿಸಿದ ಕಾರ್ಟರ್ ವುಡ್ಸನ್ 1875ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದವರು. ತಂದೆತಾಯಿ ಇಬ್ಬರೂ ಗುಲಾಮರಾಗಿದ್ದವರು. ಹರೆಯದಲ್ಲಿ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತ, ಓದಲು ಬಾರದ ಜೊತೆಗಾರರಿಗೆ ಸಂಜೆಯ ಹೊತ್ತು ಪತ್ರಿಕೆಗಳನ್ನು ಓದಿ ಹೇಳುತ್ತಿದ್ದ ಅವರು, ಸುಮಾರು ಇಪ್ಪತ್ತರ ವಯಸ್ಸಿನಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿ, 1912ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದರು. ಕಪ್ಪು ಜನರಿಗೆ ಇತಿಹಾಸವೇ ಇಲ್ಲವೆಂಬಂತೆ ಬರೆದಿದ್ದ ಪಠ್ಯಪುಸ್ತಕಗಳ ನಡುವೆ, 1926ರ ಫೆಬ್ರವರಿಯಲ್ಲಿ ಅವರು 'ನೀಗ್ರೋ ಹಿಸ್ಟರಿ ವೀಕ್' ಎಂಬ ಒಂದು ವಾರವನ್ನು ಶುರುಮಾಡಿದರು. ಈ ವರ್ಷಕ್ಕೆ ಅದಕ್ಕೆ ಸರಿಯಾಗಿ ನೂರು ವರ್ಷ. ಲಿಂಕನ್ನರ ಜನ್ಮದಿನವಾದ ಫೆಬ್ರವರಿ 12 ಮತ್ತು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸರ ಜನ್ಮದಿನವಾದ ಫೆಬ್ರವರಿ 14 ಎರಡೂ ಕೂಡಿ ಬರುವಂತೆ ಆ ವಾರವನ್ನು ಆರಿಸಿಕೊಂಡರು. ಡಗ್ಲಾಸರಿಗೆ ತಾವು ಹುಟ್ಟಿದ ದಿನ ಗೊತ್ತಿರಲಿಲ್ಲ. ಗುಲಾಮನ ಮಗುವಿನ ಹುಟ್ಟನ್ನು ಯಾರು ಬರೆದಿಡುತ್ತಾರೆ? 14 ಎಂಬುದು ಅವರೇ ಆರಿಸಿಕೊಂಡ ತಾರೀಖು. ನಮ್ಮ ಕಡೆಯ ಎಷ್ಟೋ ಹಿರಿಯರ ಜನ್ಮದಿನ ಜೂನ್ 1 ಆಗಿರುವುದು ನಿನಗೆ ಗೊತ್ತಿದೆಯಲ್ಲ, ಅದು ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದುಕೊಂಡದ್ದು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ನಮ್ಮವರಿಗೆ ಬರೆಯುವ ಗೊಡವೆ ಇರಲಿಲ್ಲ, ಅವರಿಗೆ ಬರೆಯಿಸಿಕೊಳ್ಳುವ ಹಕ್ಕೇ ಇರಲಿಲ್ಲ.

ವುಡ್ಸನ್ ಈ ವಾರವನ್ನು ಹೊರಿಸಿದ್ದು ಮುಖ್ಯವಾಗಿ ಶಾಲೆಗಳ ಹೆಗಲಿಗೆ. ಅವರ ಸಂಘವು ಶಿಕ್ಷಕರಿಗೆ ಚಿತ್ರಗಳನ್ನು, ಪಾಠಗಳನ್ನು, ಮಕ್ಕಳು ಆಡಬಹುದಾದ ನಾಟಕಗಳನ್ನು ಕಳಿಸುತ್ತಿತ್ತು. ಅವರ ಉದ್ದೇಶದಂತೆ ಆ ವಾರವು ಕಲಿಯಲು ತೊಡಗುವ ವಾರವಲ್ಲ. ವರ್ಷವಿಡೀ ಕಲಿತದ್ದನ್ನು ಮಕ್ಕಳು ಊರಿನವರ ಮುಂದಿಟ್ಟು ತೋರಿಸುವ ವಾರ. ಮುಂದೆ 1976ರಲ್ಲಿ ಅಧ್ಯಕ್ಷ ಫೋರ್ಡ್ ಅವರು ಮನ್ನಣೆ ಕೊಟ್ಟು ಅದು ಇಡೀ ತಿಂಗಳಾಯಿತು, ಆದರೆ ಆ ಮೂಲ ಉದ್ದೇಶ ಹಲವೆಡೆ ಸಡಿಲಾಯಿತು ಎಂದು ನನಗೆ ತೋರುತ್ತದೆ. ನೀನು ಚಿಕ್ಕವಳಿದ್ದಾಗ ಓದಿದ ಹಿಂದಿನ ಶಾಲೆಯಲ್ಲಿ ಫೆಬ್ರವರಿ 1ಕ್ಕೆ ಬಾಗಿಲ ಮೇಲೆ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರೋಸಾ ಪಾರ್ಕ್ಸ್ ಅವರ ಮುಖಗಳು ಏರುತ್ತಿದ್ದವು, ಮಕ್ಕಳು ಅಚ್ಚಿನ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದರು, ಮಾರ್ಚ್ 1ಕ್ಕೆ ಎಲ್ಲವೂ ಇಳಿದು ಅಲ್ಲಿ ಹಸಿರು ಎಲೆಗಳು ಬರುತ್ತಿದ್ದವು. ನಾಲ್ಕು ವರ್ಷವೂ ಅದೇ ಎರಡು ಮುಖ. ಈ ಸಲದ ಪ್ರದರ್ಶನ ನನಗೆ ಹಿಡಿಸಿದ್ದು ಅದಕ್ಕೇ: ನಿಮ್ಮ ಚಿತ್ರಕಲಾ ಶಿಕ್ಷಕಿ ಸೆಪ್ಟೆಂಬರಿನಲ್ಲಿಯೇ ಒಬ್ಬೊಬ್ಬರಿಗೆ ಒಬ್ಬೊಬ್ಬ ಕಲಾವಿದರನ್ನು ಕೊಟ್ಟು, ಓದಿಸಿ, ಕೆಡಿಸಿ, ಮತ್ತೆ ಮಾಡಿಸಿದ್ದರು.

ಆ ಸಂಜೆ ಮಾತನಾಡಿದ ನಿವೃತ್ತ ಶಿಕ್ಷಕಿಯ ಬಗ್ಗೆ ನೀನು ಹೇಳಿದ್ದನ್ನು ನಾನು ಅಮ್ಮಮ್ಮನಿಗೂ ಹೇಳಿದೆ. ಕಪ್ಪು ಮಕ್ಕಳಿಗೆಂದೇ ಇದ್ದ ಅವರ ಶಾಲೆಗೆ ಬಿಳಿಯರ ಶಾಲೆಯಲ್ಲಿ ಬಳಸಿ ಬಿಟ್ಟ ಪುಸ್ತಕಗಳೇ ಬರುತ್ತಿದ್ದವಂತೆ. ರಟ್ಟಿನ ಒಳಗೆ ಹಿಂದೆ ಓದಿದ ಮಕ್ಕಳ ಹೆಸರುಗಳ ಸಾಲು ತುಂಬಿಹೋಗಿ, ತಮ್ಮ ಹೆಸರು ಬರೆಯಲು ಜಾಗವೇ ಇರುತ್ತಿರಲಿಲ್ಲವಂತೆ. ಆಮೇಲೆ ಚರ್ಚಿನ ಗಾಯಕವೃಂದ ಹಾಡಿದ 'ಲಿಫ್ಟ್ ಎವ್ರಿ ವಾಯ್ಸ್ ಆ್ಯಂಡ್ ಸಿಂಗ್' ಎಂಬ ಆ ಹಾಡು, ಎಲ್ಲರೂ ಎದ್ದು ನಿಂತದ್ದು ಏಕೆಂದು ನೀನು ಕೇಳಿದ ಹಾಡು, ಹುಟ್ಟಿದ್ದೂ ಶಾಲೆಗಾಗಿಯೇ. ಫ್ಲೋರಿಡಾದ ಜ್ಯಾಕ್ಸನ್‌ವಿಲ್ಲಿನ ಸ್ಟ್ಯಾಂಟನ್ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಜೇಮ್ಸ್ ವೆಲ್ಡನ್ ಜಾನ್ಸನ್ ಅದನ್ನು ಬರೆದು, ಅವರ ತಮ್ಮ ರಾಗ ಹಾಕಿ, 1900ರ ಫೆಬ್ರವರಿ 12ರಂದು 500 ಶಾಲಾಮಕ್ಕಳಿಂದ ಹಾಡಿಸಿದರು. ಬರೆದವರು ಊರು ಬಿಟ್ಟು ಅದನ್ನು ಹೆಚ್ಚುಕಡಿಮೆ ಮರೆತೇ ಹೋದರು, ಮಕ್ಕಳು ಮರೆಯಲಿಲ್ಲ. ಅವರು ಬೇರೆ ಶಾಲೆಗಳಿಗೆ ಹೋದರು, ಕೆಲವರು ಶಿಕ್ಷಕರಾಗಿ ತಮ್ಮ ಮಕ್ಕಳಿಗೆ ಕಲಿಸಿದರು, ಹಾಗೆ ಅದು ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿತು.

ಈಗ ನಿನ್ನ ಪಾಲಿಗೆ ಬಂದಿದ್ದ ಕಲಾವಿದೆ ಆಲ್ಮಾ ಥಾಮಸ್. ಚಿತ್ರದ ಜೊತೆಗಿನ ನಿನ್ನ ಕಾರ್ಡಿನಲ್ಲಿ "ನಿವೃತ್ತಿಯ ನಂತರ ಚಿತ್ರ ಬರೆಯಲು ಕಲಿತರು" ಎಂದಿದೆ. ಅದು ಸರಿಯಲ್ಲ, ತಿದ್ದಿಕೊಳ್ಳಬೇಕು. ಅವರು 1891ರಲ್ಲಿ ಹುಟ್ಟಿದ್ದು ನಿಮ್ಮ ಜಾರ್ಜಿಯಾದ ಕೊಲಂಬಸ್ಸಿನಲ್ಲಿ, ನಮ್ಮ ಮನೆಯಿಂದ ಎರಡು ಗಂಟೆಯ ಹಾದಿಯಲ್ಲಿ. ಕಪ್ಪು ಜನರಿಗೆ ಆ ಊರಿನ ಗ್ರಂಥಾಲಯಕ್ಕೆ ಪ್ರವೇಶವಿರಲಿಲ್ಲ. ಅಟ್ಲಾಂಟಾದಲ್ಲಿ 1906ರಲ್ಲಿ ಕಪ್ಪು ಜನರ ಮೇಲೆ ಘೋರ ಹಿಂಸೆ ನಡೆದ ಮರುವರ್ಷ ಅವರ ಕುಟುಂಬ ವಾಷಿಂಗ್ಟನ್ನಿಗೆ ಹೋಯಿತು. ಹೋವರ್ಡ್ ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಲಲಿತಕಲೆಯ ಪದವಿ ಪಡೆದ ಮೊದಲಿಗರು ಅವರೇ. ಅದೇ ವರ್ಷ ಷಾ ಜೂನಿಯರ್ ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕಿಯಾದವರು 1960ರವರೆಗೆ ಅಲ್ಲಿಯೇ ಇದ್ದರು. ಆ ವರ್ಷಗಳಲ್ಲೆಲ್ಲ ಮಕ್ಕಳ ಚಿತ್ರಗಳನ್ನು ತಿದ್ದುತ್ತ, ಶಾಲೆಯೊಳಗೆ ಕಪ್ಪು ಕಲಾವಿದರ ಚಿತ್ರಗಳನ್ನು ತರಿಸಿ ತೂಗುಹಾಕುತ್ತ, ರಾತ್ರಿಯ ಹೊತ್ತು ತಾವೂ ಕಲಿಯುತ್ತ ಬಂದರು. ನಿವೃತ್ತಿಯಿಂದ ಅವರಿಗೆ ಸಿಕ್ಕಿದ್ದು ಹಗಲಿನ ಬೆಳಕು, ಅಷ್ಟೇ. ಮನೆಯ ಕಿಟಕಿಯ ಎದುರಿಗಿದ್ದ ಹಾಲಿ (holly) ಎಂಬ ಗಿಡದ ಎಲೆಗಳ ಸಂದಿನಿಂದ ಬರುತ್ತಿದ್ದ ಬಿಸಿಲನ್ನು ನೋಡುತ್ತ ನೋಡುತ್ತ ಆ ಬಣ್ಣದ ತುಂಡುಗಳು ಹುಟ್ಟಿದವು. 1972ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯವು ಅವರೊಬ್ಬರದೇ ಪ್ರದರ್ಶನವನ್ನು ಏರ್ಪಡಿಸಿತು. ಕಪ್ಪು ಮಹಿಳೆಯೊಬ್ಬರಿಗೆ ಅಲ್ಲಿ ಅಂಥದ್ದು ಸಿಕ್ಕಿದ್ದು ಅದೇ ಮೊದಲು. ಆಗ ಅವರಿಗೆ 80 ವರ್ಷ. ಬಾಲ್ಯದಲ್ಲಿ ಮ್ಯೂಸಿಯಮ್ಮಿನ ಒಳಗೆ ಕಾಲಿಡುವಂತಿರಲಿಲ್ಲ, ಅಲ್ಲಿ ನಮ್ಮ ಚಿತ್ರ ತೂಗುಹಾಕುವ ಮಾತು ದೂರವೇ ಉಳಿಯಿತು ಎಂಬರ್ಥದಲ್ಲಿ ಅವರು ಆಗ ಮಾತನಾಡಿದ್ದರು.

ಗೋಡೆಗೆ ಯಾರ ಚಿತ್ರ ಏರಬೇಕು ಎಂಬುದು ಅಂದಿನಿಂದ ಇಂದಿನವರೆಗೂ ಯಾರೋ ಒಬ್ಬರು ತೀರ್ಮಾನಿಸುವ ವಿಷಯ, ಕೂಸೇ. ಅದು ನನಗೆ ಮೊದಲು ತಿಳಿದದ್ದು ಅಮೆರಿಕದಲ್ಲಿ ಅಲ್ಲ.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಯ ಗ್ಯಾದರಿಂಗಿಗೆ ಮಕ್ಕಳ ಚಿತ್ರಗಳನ್ನು ಹಗ್ಗಕ್ಕೆ ಕಟ್ಟಿ ತೂಗುಹಾಕಿದ್ದರು. ನನ್ನದೂ ಇತ್ತು, ಕ್ಯಾಲೆಂಡರಿನ ಗಣಪತಿಯನ್ನು ನೋಡಿ ಬರೆದದ್ದು. ನನ್ನ ಪಕ್ಕ ಕೂರುತ್ತಿದ್ದ ಸಿದ್ದಿ ಹುಡುಗಿ, ಅವಳ ಹೆಸರನ್ನು ಅವಳನ್ನು ಕೇಳದೆ ಇಲ್ಲಿ ಬರೆಯುವುದು ಸರಿಯಲ್ಲ, ಕಾಡಿನ ದಾರಿಯಲ್ಲಿ ಹೋಗುತ್ತಿರುವ ಬಸ್ಸನ್ನು ಬರೆದಿದ್ದಳು. ಬಸ್ಸಿನ ಹಿಂದೆ ಎದ್ದ ಕೆಂಪು ಧೂಳನ್ನು ಬರೆಯಲು ಅವಳು ಗುಡ್ಡದ ಮಣ್ಣನ್ನೇ ನೀರಿನಲ್ಲಿ ಕಲಸಿ ಹಚ್ಚಿದ್ದಳು. ಹಗ್ಗದಲ್ಲಿ ಜಾಗ ಇಲ್ಲವೆಂದು ಮಾಸ್ತರರು ಅದನ್ನು ಹಿಂದಕ್ಕೆ ಕೊಟ್ಟರು. ಜಾಗ ಇತ್ತು. ನಾನು ನೋಡಿದ್ದೆ. ಅವಳು ಕಾಗದವನ್ನು ಸುರುಳಿ ಸುತ್ತಿ ಪಾಟಿಚೀಲಕ್ಕೆ ಹಾಕಿಕೊಂಡಳು, ನಾನು ಏನೂ ಅನ್ನಲಿಲ್ಲ.

ಅನ್ನದೇ ಇರಲು ಕಾರಣ ನಮ್ಮ ಮನೆಯಲ್ಲಿಯೇ ಇತ್ತು. ಅಡಿಕೆ ತೋಟದ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಹೆಂಗಸಿಗೆ ಚಹಾ ಕೊಡಲೆಂದು ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಒಂದು ಅಲ್ಯುಮಿನಿಯಂ ಲೋಟವನ್ನು ಬೋರಲು ಹಾಕಿಟ್ಟಿರುತ್ತಿದ್ದರು. ಅವಳು ಅಂಗಳದಲ್ಲಿ ಕೂತು ಕುಡಿದು, ತಾನೇ ತೊಳೆದು, ಅಲ್ಲಿಯೇ ಇಟ್ಟು ಹೋಗುತ್ತಿದ್ದಳು. ಆ ಲೋಟವನ್ನು ಮುಟ್ಟಬಾರದೆಂದು ನನಗೆ ಯಾರೂ ಹೇಳಿಕೊಟ್ಟ ನೆನಪಿಲ್ಲ, ಆದರೂ ಗೊತ್ತಿತ್ತು. ಸಿದ್ದಿಗಳು ಆಫ್ರಿಕಾದ ಮೂಲದವರು. ಅವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದಿದ್ದರು, ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಈ ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡುಗಳಲ್ಲಿ ನೆಲೆನಿಂತರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಶಾಲೆಯಲ್ಲಿ ನನಗೆ ವಾಸ್ಕೋ ಡ ಗಾಮ ಬಂದ ಇಸವಿಯನ್ನು ಬಾಯಿಪಾಠ ಮಾಡಿಸಿದರು, ಪಕ್ಕದಲ್ಲಿ ಕೂತವಳ ಅಜ್ಜ ಅಜ್ಜಿಯರು ಹೇಗೆ ಬಂದರೆಂಬುದನ್ನು ಒಂದು ಸಾಲಿನಲ್ಲಿಯೂ ಹೇಳಲಿಲ್ಲ.

ನಮ್ಮ ಅಟ್ಲಾಂಟಾದ ಎಬೆನೆಜರ್ ಚರ್ಚಿಗೆ ನಾವು ಹೋಗಿದ್ದೆವಲ್ಲ, ಅಲ್ಲಿಯೇ 1965ರ ಜುಲೈ 4ರ ಪ್ರವಚನದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ 1959ರ ಭಾರತ ಪ್ರವಾಸದ ಒಂದು ಪ್ರಸಂಗವನ್ನು ಹೇಳಿದರು. ಕೇರಳದಲ್ಲಿ, ಅಸ್ಪೃಶ್ಯರೆನಿಸಿದ್ದ ಕುಟುಂಬಗಳ ಮಕ್ಕಳು ಓದುತ್ತಿದ್ದ ಶಾಲೆಯಲ್ಲಿ, ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ನಿಮ್ಮಂಥದೇ ಒಬ್ಬ ಅಸ್ಪೃಶ್ಯ ಎಂದು ಪರಿಚಯಿಸಿದರಂತೆ. ಕ್ಷಣಕಾಲ ಅವರಿಗೆ ಆ ಮಾತು ಚುಚ್ಚಿತಂತೆ. ಯೋಚಿಸಿದ ಮೇಲೆ, ಹೌದು, ನಾನು ಅದೇ ಎಂದುಕೊಂಡರಂತೆ. ನಿನ್ನನ್ನು ಕೇಳಿದವರಿಗೆ ಇದನ್ನು ಹೇಳಬಹುದು. ಅದಕ್ಕಿಂತ ಲೆಕ್ಕಾಚಾರದ ಉತ್ತರವೇ ಅವರಿಗೆ ಬೇಕೆಂದರೆ ಅದೂ ಇದೆ: 1946ರ ಕಾನೂನಿನಂತೆ ಭಾರತೀಯರಿಗೆ ಅಮೆರಿಕ ಕೊಡುತ್ತಿದ್ದ ವಲಸೆಯ ಕೋಟಾ ವರ್ಷಕ್ಕೆ ಬರೀ 100. ಕಪ್ಪು ಜನರ ಹೋರಾಟ ಆ ದೇಶದ ಮನಸ್ಸಾಕ್ಷಿಯನ್ನು ಕಲಕಿದ ಕಾಲದಲ್ಲಿಯೇ, 1965ರ ಅಕ್ಟೋಬರಿನಲ್ಲಿ, ಆ ದೇಶವಾರು ಕೋಟಾ ಪದ್ಧತಿಯನ್ನು ರದ್ದುಪಡಿಸುವ ಕಾನೂನು ಬಂತು. ಆ ಬಾಗಿಲು ತೆರೆಯದಿದ್ದರೆ ಅವರೂ ಇಲ್ಲ, ನಿನ್ನ ಅಪ್ಪನೂ ಇಲ್ಲ, ಅಟ್ಲಾಂಟಾದಲ್ಲಿ ಕನ್ನಡ ಕೂಟವೂ ಇಲ್ಲ.

ಇಲ್ಲಿ ಒಂದು ಕೆಲಸ ನಡೆದಿದೆ, ಅದನ್ನೂ ಹೇಳಿಬಿಡುತ್ತೇನೆ. ಅಮ್ಮಮ್ಮನಿಗೆ ಹಾಸಲು ಕೌದಿ ಹೊಲಿಯಲೆಂದು ಹತ್ತಿರದ ಕೇರಿಯಿಂದ ಇಬ್ಬರು ಸಿದ್ದಿ ಹೆಂಗಸರು ಬರುತ್ತಿದ್ದಾರೆ. ಹಳೆಯ ಸೀರೆ, ಲುಂಗಿ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ಹೆಚ್ಚುಕಡಿಮೆ ನಿನ್ನ ಚಿತ್ರದ ಸುತ್ತುಗಳಂತೆಯೇ, ಆದರೆ ಹೊರಗಿನಿಂದ ಒಳಕ್ಕೆ. ನಿನ್ನ ಗೆಳತಿ ಬಣ್ಣದ ಕಾಗದದಲ್ಲಿ ಮಾಡಿದ್ದ ಅಲಬಾಮಾದ ಗೀಸ್ ಬೆಂಡಿನ ಕೌದಿಗಳೂ ಹೀಗೆಯೇ ಹೊಲದಲ್ಲಿ ತೊಟ್ಟು ಸವೆದ ಬಟ್ಟೆಗಳಿಂದ ಆದವು. ನದಿಯ ತಿರುವಿನಲ್ಲಿರುವ ಕಪ್ಪು ಜನರ ಆ ಊರಿನವರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೊರಟಾಗ, 1962ರಲ್ಲಿ ಅವರ ದೋಣಿಯನ್ನೇ ನಿಲ್ಲಿಸಿದ್ದರು. ಮತ್ತೆ ಅದು ಬಂದದ್ದು 2006ರಲ್ಲಿ. ಅವರ ಕೌದಿಗಳು ಅದಕ್ಕಿಂತ ಮೊದಲೇ, 2002ರಲ್ಲಿ, ಆಲ್ಮಾ ಥಾಮಸರ ಚಿತ್ರಗಳು ಏರಿದ್ದ ವಿಟ್ನಿ ಸಂಗ್ರಹಾಲಯದ ಗೋಡೆಗೆ ಏರಿದವು. ನಾನು ಆ ಕೌದಿಗಳ ಫೋಟೋ ತೋರಿಸಿದಾಗ ಇಬ್ಬರಲ್ಲಿ ಹಿರಿಯಳು ಬಹಳ ಹೊತ್ತು ನೋಡಿ, ಬಣ್ಣ ಚಂದ, ಆದರೆ ಮೂಲೆಗೆ ಹೂವು ಹಾಕಿಲ್ಲವಲ್ಲ ಎಂದಳು. ಇವರ ಪದ್ಧತಿಯಲ್ಲಿ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ತ್ರಿಕೋನಗಳನ್ನು ಹೂವಿನಂತೆ ಹೊಲಿಯದಿದ್ದರೆ ಕೌದಿ ಬರಿಮೈಯಲ್ಲಿ ಇದ್ದಂತೆ.

ಮೂವರೂ ಜಗಲಿಯಲ್ಲಿ ಕೂತು ಒಂದೇ ಬಗೆಯ ಸ್ಟೀಲಿನ ಲೋಟದಲ್ಲಿ ಚಹಾ ಕುಡಿಯುತ್ತೇವೆ. ಮೊದಲ ದಿನ ಲೋಟಗಳನ್ನು ತೆಗೆದುಕೊಟ್ಟವಳು ಅಮ್ಮಮ್ಮನೇ. ಅದಕ್ಕೆ ಮೂವತ್ತು ವರ್ಷ ಹಿಡಿಯಿತು, ಹೆಮ್ಮೆಪಟ್ಟುಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ.

ನಿನಗೊಂದು ಕೌದಿಯನ್ನು ಹೇಳಿದ್ದೇನೆ, ಅವರು ಕೇಳಿದ ದರಕ್ಕೆ. ನಿನ್ನ ಮಂಚದ ಉದ್ದಗಲವನ್ನು ಅಪ್ಪನ ಟೇಪಿನಿಂದ ಅಳೆದು, ಇಂಚಿನಲ್ಲಿ ಅಲ್ಲ, ಸೆಂಟಿಮೀಟರಿನಲ್ಲಿ ಬರೆದು ಕಳಿಸು. ಮೂಲೆಯ ಹೂವುಗಳಿಗೆ ಮನೆಯ ಮಗುವಿನ ಬಟ್ಟೆ ಬೇಕೆಂದರು. ಅಮ್ಮಮ್ಮನ ಟ್ರಂಕಿನಲ್ಲಿ ನಿನ್ನ ಮೂರನೆಯ ವರ್ಷದ ಹಸಿರು ಲಂಗ ಸಿಕ್ಕಿದೆ. ಅದನ್ನು ಕತ್ತರಿಸಬಹುದೇ ಎಂದು ನಿನ್ನನ್ನು ಕೇಳಿ ಹೇಳುತ್ತೇನೆಂದು ಅವರಿಗೆ ತಿಳಿಸಿದ್ದೇನೆ.

ನಿನ್ನ,
ಆಯಿ